ತೆರಿಗೆ ಪ್ರಶ್ನೋತ್ತರ: ಟಿಡಿಎಸ್ ಹಿಡಿಯಲಿಲ್ಲವೆಂದರೆ ತೆರಿಗೆ ಇಲ್ಲ ಎಂದಲ್ಲ

ಈ ಸಲದ ಪ್ರಶ್ನೆಗಳೆಲ್ಲ 2025ರ ಏಪ್ರಿಲ್ 1ರಿಂದ 2026ರ ಮಾರ್ಚ್ 31ರ ತನಕದ ಆದಾಯಕ್ಕೆ ಸೇರಿದವು. ಐಟಿಆರ್-1 ಮತ್ತು ಐಟಿಆರ್-2 ಎಂಬ ರಿಟರ್ನ್ ಫಾರ್ಮ್‌ಗಳನ್ನು ಸಲ್ಲಿಸುವವರಿಗೆ ಕೊನೆಯ ದಿನ ಜುಲೈ 31. ಟಿಡಿಎಸ್ ಎಂದರೆ ಹಣ ಕೊಡುವವರೇ ಮೊದಲು ಹಿಡಿದು ಸರ್ಕಾರಕ್ಕೆ ಕಟ್ಟುವ ತೆರಿಗೆ.

ನಾನು ನಿವೃತ್ತ. ಪಿಂಚಣಿ ಇದೆ, ಎರಡು ಬ್ಯಾಂಕುಗಳಲ್ಲಿ ಎಫ್‌ಡಿ ಇದೆ, ಊರಿನ ಕ್ರೆಡಿಟ್ ಸೊಸೈಟಿಯಲ್ಲಿ ಐದು ವರ್ಷದ ಠೇವಣಿ ಇದೆ. ಒಂದು ಬ್ಯಾಂಕಿನವರು ಟಿಡಿಎಸ್ ಹಿಡಿದಿದ್ದಾರೆ, ಸೊಸೈಟಿಯವರು ಹಿಡಿದಿಲ್ಲ. ಹಾಗಾದರೆ ಸೊಸೈಟಿಯ ಬಡ್ಡಿಗೆ ತೆರಿಗೆ ಇಲ್ಲವೇ? ಜುಲೈ ಬಂತೆಂದರೆ ನಿದ್ದೆ ಬರುವುದಿಲ್ಲ, ಎಲ್ಲಿಂದ ಶುರು ಮಾಡಲಿ?
— ಓದುಗರು, ಉಡುಪಿ

ತೆರಿಗೆ ಇದೆ. ಬ್ಯಾಂಕ್ ಅಲ್ಲದ ಸಹಕಾರಿ ಸಂಘ ತನ್ನ ಸದಸ್ಯರಿಗೆ ಕೊಡುವ ಬಡ್ಡಿಯಲ್ಲಿ ಟಿಡಿಎಸ್ ಹಿಡಿಯಬೇಕೆಂದಿಲ್ಲ. ವಾರ್ಷಿಕ ವಹಿವಾಟು 50 ಕೋಟಿ ರೂಪಾಯಿ ದಾಟಿದ ಸಂಘಗಳಿಗೆ ಮಾತ್ರ ನಿಯಮ ಬೇರೆ. ಈ ವಿನಾಯಿತಿ ಇರುವುದು ಹಿಡಿಯುವವರಿಗೆ, ಬಡ್ಡಿ ಪಡೆಯುವವರಿಗಲ್ಲ. ಉಡುಪಿ, ದಕ್ಷಿಣ ಕನ್ನಡ ಜಿಲ್ಲೆಗಳಲ್ಲಿ ಸೊಸೈಟಿ ಠೇವಣಿ ಇಲ್ಲದ ಮನೆ ಕಡಿಮೆ. ಹಾಗಾಗಿ ರಿಟರ್ನಿನಲ್ಲಿ ಅತಿ ಹೆಚ್ಚು ಬಿಟ್ಟುಹೋಗುವ ಆದಾಯವೂ ಇದೇ. ಬ್ಯಾಂಕ್ ಹಿಡಿದ ಶೇ. 10 ಕೂಡ ನಿಮ್ಮ ತೆರಿಗೆಯ ಲೆಕ್ಕ ಮುಗಿಸುವುದಿಲ್ಲ, ಅದು ಮುಂಗಡ ಅಷ್ಟೆ. ಪೂರ್ತಿ ಬಡ್ಡಿಯನ್ನು ಆದಾಯಕ್ಕೆ ಸೇರಿಸಿ, ಹಿಡಿದದ್ದನ್ನು ಕೊನೆಗೆ ಕಳೆಯಬೇಕು. ಇನ್ನೊಂದು ಬ್ಯಾಂಕ್ ಹಿಡಿಯದಿರಲು ಕಾರಣ, ಹಿರಿಯ ನಾಗರಿಕರಿಗೆ ಒಂದು ಬ್ಯಾಂಕಿನಲ್ಲಿ ವರ್ಷಕ್ಕೆ 1 ಲಕ್ಷದ ತನಕದ ಬಡ್ಡಿಗೆ ಟಿಡಿಎಸ್ ಇಲ್ಲದಿರುವುದು ಇರಬಹುದು.

ಶುರು ಮಾಡಬೇಕಾದ್ದು ಫಾರ್ಮಿನಿಂದಲ್ಲ, ಕಾಗದದಿಂದ. ಎರಡೂ ಬ್ಯಾಂಕುಗಳಿಂದ, ಸೊಸೈಟಿಯಿಂದ ಏಪ್ರಿಲ್ 1ರಿಂದ ಮಾರ್ಚ್ 31ರ ತನಕದ ಬಡ್ಡಿ ಸರ್ಟಿಫಿಕೇಟ್ ಕೇಳಿ ತನ್ನಿ. ಉಳಿತಾಯ ಖಾತೆಯ ಬಡ್ಡಿಯನ್ನು ಪಾಸ್‌ಬುಕ್ ಎಂಟ್ರಿ ಹಾಕಿಸಿ ಬರೆದುಕೊಳ್ಳಿ. ಸೊಸೈಟಿಯ ಠೇವಣಿ ಅವಧಿ ಮುಗಿದ ಮೇಲೆ ಒಟ್ಟಿಗೆ ಬರುವಂಥದ್ದಾದರೆ ಆಯಾ ವರ್ಷ ಸೇರಿದ ಬಡ್ಡಿಯನ್ನು ಆಯಾ ವರ್ಷವೇ ತೋರಿಸುತ್ತ ಬನ್ನಿ. ಐದು ವರ್ಷದ ಬಡ್ಡಿ ಒಂದೇ ವರ್ಷದ ತಲೆ ಮೇಲೆ ಬಿದ್ದರೆ, ತೆರಿಗೆ ಬಾರದಿದ್ದವರಿಗೂ ಬರುತ್ತದೆ.

ಆಮೇಲೆ ಇ-ಫೈಲಿಂಗ್ ಪೋರ್ಟಲಿನಲ್ಲಿ ಎಐಎಸ್ (ನಿಮ್ಮ ಪ್ಯಾನ್‌ಗೆ ದಾಖಲಾದ ಆದಾಯ, ಟಿಡಿಎಸ್‌ಗಳ ವಾರ್ಷಿಕ ಪಟ್ಟಿ) ಇಳಿಸಿಕೊಳ್ಳಿ. ಪಿಡಿಎಫ್ ತೆರೆಯದಿದ್ದರೆ ಗಾಬರಿ ಬೇಡ: ಪ್ಯಾನ್ ಸಂಖ್ಯೆಯನ್ನು ಸಣ್ಣಕ್ಷರದಲ್ಲಿ ಬರೆದು, ನಡುವೆ ಜಾಗ ಬಿಡದೆ ಹುಟ್ಟಿದ ದಿನ, ತಿಂಗಳು, ವರ್ಷದ ಎಂಟು ಅಂಕೆ ಸೇರಿಸಿದರೆ ಅದೇ ಪಾಸ್‌ವರ್ಡ್. ಒಂದು ಹಾಳೆಯಲ್ಲಿ ಗೆರೆ ಎಳೆದು ಎಡಕ್ಕೆ ನಿಮ್ಮ ಸರ್ಟಿಫಿಕೇಟಿನ ಮೊತ್ತ, ಬಲಕ್ಕೆ ಎಐಎಸ್‌ನ ಮೊತ್ತ ಬರೆಯಿರಿ. ಎಡಗಡೆ ಇದ್ದು ಬಲಗಡೆ ಇಲ್ಲದ್ದು ಸೊಸೈಟಿಯ ಬಡ್ಡಿಯಾಗಿರಬಹುದು. ಅದನ್ನು ನೀವೇ ಸೇರಿಸಬೇಕು. ಬಲಗಡೆ ಇದ್ದು ಎಡಗಡೆ ಇಲ್ಲದ್ದು ನೀವು ಮರೆತ ಖಾತೆ, ಇಲ್ಲವೇ ಜಂಟಿ ಖಾತೆ. ಮೊದಲ ಹೆಸರಿನವರ ಪ್ಯಾನ್‌ಗೆ ಬಡ್ಡಿ ದಾಖಲಾಗುತ್ತದೆ, ಹಣ ನಿಜವಾಗಿ ಬೇರೆಯವರದ್ದಾದರೂ. ಹಾಗಿದ್ದರೆ ಅಲ್ಲೇ ಫೀಡ್‌ಬ್ಯಾಕ್ ಒತ್ತಿ, ಈ ಮಾಹಿತಿ ಬೇರೆ ಪ್ಯಾನ್‌ಗೆ ಸೇರಿದ್ದು ಎಂದು ತಿಳಿಸಿ.

ತೆರಿಗೆ ಲೆಕ್ಕಕ್ಕೆ ಹೊಸದು, ಹಳೆಯದು ಎಂದು ಎರಡು ಪದ್ಧತಿಗಳಿವೆ. ಹೊಸ ಪದ್ಧತಿಯಲ್ಲಿ ಪಿಂಚಣಿಯಿಂದ 75,000 ಕಳೆಯಿರಿ. ಬಡ್ಡಿ ಸೇರಿಸಿದ ಮೇಲೂ ಒಟ್ಟು 12 ಲಕ್ಷದೊಳಗಿದ್ದರೆ ರಿಯಾಯಿತಿಯಿಂದ ತೆರಿಗೆ ಸೊನ್ನೆಯಾಗುತ್ತದೆ. ಆದರೆ 4 ಲಕ್ಷ ದಾಟಿದ ಮೇಲೆ ತೆರಿಗೆ ಸೊನ್ನೆಯಿದ್ದರೂ ರಿಟರ್ನ್ ಸಲ್ಲಿಸಲೇಬೇಕು. ಹಳೆ ಪದ್ಧತಿ ಬೇಕಿದ್ದರೆ ಜುಲೈ 31ರೊಳಗೆ ಸಲ್ಲಿಸಿದರೆ ಮಾತ್ರ ಸಿಗುತ್ತದೆ.

ಯಾವಾಗ ಕೂರಬೇಕು? ಜೂನ್ 15ರ ನಂತರ. ಜನವರಿ-ಮಾರ್ಚ್ ಅವಧಿಯ ಟಿಡಿಎಸ್ ಲೆಕ್ಕ ಕೊಡಲು ಬ್ಯಾಂಕುಗಳಿಗೆ ಮೇ 31ರ ತನಕ ಸಮಯವಿದೆ, ಅದಕ್ಕೆ ಮೊದಲು ನೋಡಿದರೆ ಎಐಎಸ್ ಅರ್ಧಂಬರ್ಧ ಇರುತ್ತದೆ. ಜುಲೈ ಕೊನೆಗಂತೂ ಇಟ್ಟುಕೊಳ್ಳಬೇಡಿ. ಆಟಿಯ ಮಳೆಗೆ ಕರೆಂಟ್ ಹೋಗಿ, ನೆಟ್‌ವರ್ಕ್ ಇಲ್ಲದೆ ಒಟಿಪಿಗೆ ಕಾಯುವ ಅವಸ್ಥೆ ಯಾರಿಗೂ ಬೇಡ.

ಮಂಗಳೂರಿನಲ್ಲಿ ಉಪನ್ಯಾಸಕನಾಗಿದ್ದೇನೆ, ವರ್ಷದ ಸಂಬಳ 14,75,000. ಬಂಟ್ವಾಳದ ಬಳಿ ಅಡಿಕೆ ತೋಟವಿದೆ, ಖರ್ಚು ಕಳೆದು 3 ಲಕ್ಷ ಉಳಿಯುತ್ತದೆ. ಕೃಷಿ ಆದಾಯಕ್ಕೆ ತೆರಿಗೆ ಇಲ್ಲವಲ್ಲ, ತೋರಿಸಬೇಕೇ?
— ಓದುಗರು, ಮಂಗಳೂರು

ತೋರಿಸಬೇಕು. ಕೃಷಿ ಆದಾಯ 5,000 ರೂಪಾಯಿ ದಾಟಿದರೆ ಐಟಿಆರ್-1 ಬಳಸುವಂತಿಲ್ಲ, ಐಟಿಆರ್-2 ಬೇಕು. ಅಡಿಕೆಗೆ ನೇರವಾಗಿ ತೆರಿಗೆ ಇಲ್ಲ ನಿಜ, ಆದರೆ ಅದು ನಿಮ್ಮ ಸಂಬಳವನ್ನು ಮೇಲಿನ ದರಕ್ಕೆ ತಳ್ಳುತ್ತದೆ. ಹೊಸ ಪದ್ಧತಿಯಲ್ಲಿ ಲೆಕ್ಕ ಹೀಗೆ: 75,000 ಕಳೆದರೆ ಸಂಬಳ 14 ಲಕ್ಷ. ಅದಕ್ಕೆ ಅಡಿಕೆಯ 3 ಲಕ್ಷ ಸೇರಿಸಿ 17 ಲಕ್ಷಕ್ಕೆ ತೆರಿಗೆ ಹಾಕಿದರೆ 1,40,000. ಇನ್ನೊಂದು ಕಡೆ 3 ಲಕ್ಷಕ್ಕೆ ಮೂಲ ವಿನಾಯಿತಿಯ 4 ಲಕ್ಷ ಸೇರಿಸಿ 7 ಲಕ್ಷಕ್ಕೆ ಹಾಕಿದರೆ 15,000. ಕಳೆದರೆ 1,25,000, ಶೇ. 4 ಸೆಸ್ ಸೇರಿ 1,30,000. ಅಡಿಕೆ ತೋರಿಸದಿದ್ದರೆ 93,600 ಬರುತ್ತಿತ್ತು. ಈ 36,400ರ ವ್ಯತ್ಯಾಸ ಕಾಲೇಜಿನವರು ಹಿಡಿದ ಟಿಡಿಎಸ್‌ನಲ್ಲಿ ಸಾಮಾನ್ಯವಾಗಿ ಸೇರಿರುವುದಿಲ್ಲ, ಅದನ್ನು ನೀವೇ ಕಟ್ಟಬೇಕು.

ಕಟ್ಟುವಾಗ ಇ-ಪೇ ಟ್ಯಾಕ್ಸ್‌ನಲ್ಲಿ ಸೆಲ್ಫ್ ಅಸೆಸ್‌ಮೆಂಟ್ (ಕೋಡ್ 300) ಎಂಬುದನ್ನು ಆರಿಸಿ, ಅಸೆಸ್‌ಮೆಂಟ್ ವರ್ಷ (ಆದಾಯ ಬಂದ ವರ್ಷದ ಮರುವರ್ಷ) 2026-27 ಇರಲಿ. 2026ರ ಏಪ್ರಿಲ್‌ನಿಂದ ಬಂದ ಹೊಸ ಕಾಯ್ದೆಯಲ್ಲಿ 'ತೆರಿಗೆ ವರ್ಷ 2026-27' ಎಂದರೆ ಈಗ ನಡೆಯುತ್ತಿರುವ ವರ್ಷ. ಅಂಕೆ ಒಂದೇ, ವರ್ಷ ಬೇರೆ. ಇಲ್ಲಿ ಕೈತಪ್ಪಿದರೆ ಕಟ್ಟಿದ ಹಣ ನಿಮ್ಮ ರಿಟರ್ನಿಗೆ ಸೇರದೆ ಬಾಕಿ ನೋಟಿಸು ಬರುತ್ತದೆ.

ಅದಕ್ಕೂ ಮೊದಲು ಆರ್‌ಟಿಸಿ ತೆಗೆದು ನೋಡಿ. ತೋಟ ನಿಮ್ಮ ತಾಯಿಯವರದಾಗಿದ್ದು, ನೀವು ನೋಡಿಕೊಳ್ಳುವುದು ಮಾತ್ರವಾದರೆ ಆ ಆದಾಯ ಅವರದು, ನಿಮ್ಮ ಲೆಕ್ಕಕ್ಕೆ ಬಾರದು. ನಿಮ್ಮದೇ ಆಗಿದ್ದರೆ ಕ್ಯಾಂಪ್ಕೊಗೋ ಮಂಡಿಗೋ ಹಾಕಿದ ಅಡಿಕೆಯ ಬಿಲ್ಲು, ಮದ್ದು ಬಿಡಲು ತಂದ ಮೈಲುತುತ್ತು-ಸುಣ್ಣದ ರಸೀದಿ, ಕೊಯ್ಲು ಮತ್ತು ಸುಲಿತದ ಕೂಲಿಯ ಚೀಟಿ ಒಂದೇ ಫೈಲಿನಲ್ಲಿಡಿ. ಒಣಗಿಸಿ ಸುಲಿದು ಮಾರಿದರೂ ಅದು ಕೃಷಿ ಆದಾಯವೇ. ನೆರೆಯವರ ಅಡಿಕೆ ಕೊಂಡು ಮಾರಿದರೆ ಅದು ವ್ಯಾಪಾರ.

ಮಗ ದುಬೈಯಲ್ಲಿದ್ದಾನೆ. ಅವನ ಎನ್‌ಆರ್‌ಒ ಠೇವಣಿಗೆ 3,20,000 ಬಡ್ಡಿ ಬಂದಿದೆ, ಬ್ಯಾಂಕಿನವರು 99,840 ಹಿಡಿದಿದ್ದಾರೆ. ಇಷ್ಟೊಂದು ಏಕೆ?
— ಓದುಗರು, ಕುಂದಾಪುರ

ಎನ್‌ಆರ್‌ಒ, ಅಂದರೆ ಭಾರತದ ಆದಾಯ ಇಡುವ ಅನಿವಾಸಿಗಳ ಖಾತೆಯ ಬಡ್ಡಿಗೆ ಟಿಡಿಎಸ್ ಶೇ. 30, ಅದರ ಮೇಲೆ ಸೆಸ್ ಸೇರಿ ಶೇ. 31.2, ಮೊದಲ ರೂಪಾಯಿಯಿಂದಲೇ. ಭಾರತದಲ್ಲಿ ಮಗನಿಗೆ ಬೇರೆ ಆದಾಯ ಇಲ್ಲದಿದ್ದರೆ ಹೊಸ ಪದ್ಧತಿಯ 4 ಲಕ್ಷದೊಳಗೇ ಇದೆ, ಐಟಿಆರ್-2 ಸಲ್ಲಿಸಿದರೆ ಪೂರ್ತಿ ವಾಪಸ್ ಬರುತ್ತದೆ. ವಿದೇಶದ ಗಳಿಕೆ ಇಡುವ ಎನ್‌ಆರ್‌ಇ ಖಾತೆಯ ಬಡ್ಡಿಗೆ ತೆರಿಗೆ ಇಲ್ಲ. 12 ಲಕ್ಷದ ರಿಯಾಯಿತಿ ಮಾತ್ರ ಅನಿವಾಸಿಗಳಿಗೆ ಸಿಗುವುದಿಲ್ಲ. ಪೋರ್ಟಲಿನ ಪ್ರೊಫೈಲಿನಲ್ಲಿ 'ಅನಿವಾಸಿ' ಎಂದು ಬದಲಿಸಿ, ರಿಫಂಡ್ ಬರಬೇಕಾದ ಖಾತೆಯನ್ನು ಮೊದಲೇ ವ್ಯಾಲಿಡೇಟ್ ಮಾಡಿಸಿ. ಪ್ಯಾನಿನಲ್ಲಿ ಒಂದು ಹೆಸರು, ಪಾಸ್‌ಬುಕ್‌ನಲ್ಲಿ ಇನ್ನೊಂದು ಇದ್ದರೆ ರಿಫಂಡ್ ಅಲ್ಲೇ ನಿಲ್ಲುತ್ತದೆ.

ರಿಟರ್ನ್ ಕಳಿಸಿ ತಿಂಗಳಾಗುತ್ತ ಬಂತು, ಆಧಾರ್ ಒಟಿಪಿ ಬರುತ್ತಿಲ್ಲ. ಹಾಗೇ ಬಿಡಬಹುದೇ?
— ಓದುಗರು, ಸುರತ್ಕಲ್

ಬಿಡಬೇಡಿ. ಕಳಿಸಿದ ರಿಟರ್ನ್ ನಿಮ್ಮದೇ ಎಂದು 30 ದಿನದೊಳಗೆ ಒಟಿಪಿ ಮುಂತಾದವುಗಳಿಂದ ವೆರಿಫೈ ಆಗದಿದ್ದರೆ, ವೆರಿಫೈ ಆದ ದಿನವೇ ಸಲ್ಲಿಸಿದ ದಿನವಾಗುತ್ತದೆ. ಅದು ಜುಲೈ 31 ದಾಟಿದರೆ 5,000 ರೂಪಾಯಿ ವಿಳಂಬ ಶುಲ್ಕ, ಆದಾಯ 5 ಲಕ್ಷದೊಳಗಿದ್ದರೆ 1,000. ನೆಟ್ ಬ್ಯಾಂಕಿಂಗ್ ಇದ್ದರೆ ಅದರ ಮೂಲಕ ಪೋರ್ಟಲಿಗೆ ಹೋಗಿ ಇವತ್ತೇ ಮುಗಿಸಿ. ಇಲ್ಲವಾದರೆ ಐಟಿಆರ್-ವಿ (ರಿಟರ್ನಿನ ವೆರಿಫಿಕೇಶನ್ ಹಾಳೆ) ಪ್ರಿಂಟ್ ತೆಗೆದು, ಬಾರ್‌ಕೋಡಿನ ಮೇಲೆ ಬೀಳದಂತೆ ಸಹಿ ಮಾಡಿ, ಬೆಂಗಳೂರು 560500ರಲ್ಲಿರುವ ಆದಾಯ ತೆರಿಗೆ ಇಲಾಖೆಯ ಸಂಸ್ಕರಣಾ ಕೇಂದ್ರಕ್ಕೆ (ಸಿಪಿಸಿ) ಸ್ಪೀಡ್ ಪೋಸ್ಟ್ ಮಾಡಿ. 30ನೇ ದಿನದೊಳಗೆ ಅದು ಅಲ್ಲಿಗೆ ತಲುಪಿರಬೇಕು, ಆದ್ದರಿಂದ ನಾಳೆಗೆ ಇಡಬೇಡಿ.