ಮಂಗಳವಾರ ರಾತ್ರಿ ಅವನನ್ನು ಯಾಕೆ ಆಡಿಸಿದರು?

ಓದುಗರ ಪತ್ರ: ಸಂಪಾದಕರೇ, ಹೋದ ಸಂಚಿಕೆಯ ಕ್ರೀಡಾ ಪುಟದಲ್ಲಿ ಕರ್ಟ್ ಝೂಮಾ ಬೆಕ್ಕಿಗೆ ಒದ್ದ ಹಳೇ ಪ್ರಕರಣ ತೆಗೆದು ವೆಸ್ಟ್ ಹ್ಯಾಮ್ ಕ್ಲಬ್ಬನ್ನು ತರಾಟೆಗೆ ತೆಗೆದುಕೊಂಡಿದ್ದೀರಿ. ತಪ್ಪು ಮಾಡಿದವನು ಆಟಗಾರ, ಅದೂ ತನ್ನ ಮನೆಯಲ್ಲಿ. ಅದಕ್ಕೆ ಕ್ಲಬ್ ಏನು ಮಾಡಬೇಕಿತ್ತು? ಪೊಲೀಸರಿದ್ದಾರೆ, ಕೋರ್ಟಿದೆ. ತೀರ್ಪು ಬರುವ ಮೊದಲೇ ಹೊರಗೆ ಕೂರಿಸಿದರೆ ಅನ್ಯಾಯವಲ್ಲವೇ? ಸರ್ಕಾರಿ ಗುಮಾಸ್ತ ಮನೆಯಲ್ಲಿ ನಾಯಿಗೆ ಹೊಡೆದರೆ ಕೆಲಸದಿಂದ ತೆಗೆಯುತ್ತಾರೆಯೇ? ನಮ್ಮ ಬೆಂಗಳೂರಿನ ತಂಡವಾಗಿದ್ದರೆ ಹೀಗೇ ಬರೆಯುತ್ತಿದ್ದಿರಾ? (ಹೆಸರು ಬೇಡವೆಂದ ಓದುಗರು, ಶಿವಮೊಗ್ಗ)

ಸಂಪಾದಕರ ಉತ್ತರ: ಪತ್ರಕ್ಕೆ ಧನ್ಯವಾದ. ಸಿಟ್ಟಿನಲ್ಲಿ ಬರೆದಿದ್ದೀರಿ, ಆದರೆ ಕೇಳಬೇಕಾದ್ದನ್ನೇ ಕೇಳಿದ್ದೀರಿ. ಹಾಗಾಗಿ ಎರಡು ಸಾಲಿನಲ್ಲಿ ಮುಗಿಸದೆ ಉದ್ದಕ್ಕೇ ಉತ್ತರಿಸುತ್ತೇನೆ.

ಹೋದ ಸಂಚಿಕೆ ಓದದವರಿಗಾಗಿ ನಡೆದದ್ದನ್ನು ಮೊದಲು ಹೇಳಿಬಿಡುತ್ತೇನೆ. 2022ರ ಫೆಬ್ರವರಿ 7, ಸೋಮವಾರ. ಲಂಡನ್ನಿನ ವೆಸ್ಟ್ ಹ್ಯಾಮ್ ತಂಡದ ಡಿಫೆಂಡರ್, ಫ್ರಾನ್ಸಿನ ಕರ್ಟ್ ಝೂಮಾ ತನ್ನ ಮನೆಯ ಬೆಕ್ಕನ್ನು ಒದೆಯುವ ವಿಡಿಯೊ ಪತ್ರಿಕೆಯೊಂದರ ಮೂಲಕ ಹೊರಬಂತು. ಒದ್ದು ಸುಮ್ಮನಾಗಲಿಲ್ಲ. ಓಡುವ ಬೆಕ್ಕಿನ ಮೇಲೆ ಶೂ ಎಸೆದ. ಮಗುವೊಂದರ ಕೈಯಲ್ಲಿದ್ದ ಬೆಕ್ಕಿಗೂ ಬಾರಿಸಿದ. ವಿಡಿಯೊ ತೆಗೆದವನು ಅವನ ತಮ್ಮ ಯೋನ್. ಅವನೂ ಫುಟ್‌ಬಾಲ್ ಆಟಗಾರನೇ. ಝೂಮಾ ತಡಮಾಡದೆ ಕ್ಷಮೆ ಕೇಳಿದ. ಅಂದರೆ ವಿಡಿಯೊದಲ್ಲಿರುವವನು ಅವನೋ ಅಲ್ಲವೋ ಎಂಬ ಅನುಮಾನವೇ ಉಳಿಯಲಿಲ್ಲ. ಕ್ಲಬ್ ಖಂಡನೆಯ ಹೇಳಿಕೆ ಕೊಟ್ಟಿತು. ಮರುದಿನ ಮಂಗಳವಾರ ರಾತ್ರಿ, ತಮ್ಮದೇ ಮೈದಾನದಲ್ಲಿ ವಾಟ್‌ಫರ್ಡ್ ವಿರುದ್ಧ ಪಂದ್ಯ. ಆರಂಭದ ಹನ್ನೊಂದು ಮಂದಿಯಲ್ಲಿ ಝೂಮಾ ಇದ್ದ.

ಅವನ ಕಾಲಿಗೆ ಚೆಂಡು ಬಂದಾಗಲೆಲ್ಲ ಜನ ಕೂಗಿ ಹೀಯಾಳಿಸಿದರು. ಎದುರಾಳಿ ಕಡೆಯವರಷ್ಟೇ ಅಲ್ಲ, ವೆಸ್ಟ್ ಹ್ಯಾಮ್‌ನವರೂ. ಪಂದ್ಯ 1-0ಯಿಂದ ಗೆದ್ದರು. ಮ್ಯಾನೇಜರ್ ಡೇವಿಡ್ ಮೋಯ್ಸ್ ಕೊಟ್ಟ ಸಮಜಾಯಿಷಿ ಏನೆಂದರೆ, ಗೆಲ್ಲಬಲ್ಲ ತಂಡವನ್ನು ಇಳಿಸುವುದು ತನ್ನ ಕೆಲಸ, ಝೂಮಾ ಆ ತಂಡದಲ್ಲಿ ಒಬ್ಬ.

ಈಗ ತಮ್ಮನ ಕಥೆ ಕೇಳಿ. ಯೋನ್ ಆಡುತ್ತಿದ್ದದ್ದು ಡಾಗೆನ್‌ಹ್ಯಾಮ್ ಅಂಡ್ ರೆಡ್‌ಬ್ರಿಜ್ ಎಂಬ ಸಣ್ಣ ಕ್ಲಬ್ಬಿಗೆ. ಅದೂ ಪೂರ್ವ ಲಂಡನ್ನಿನದೇ, ಆದರೆ ಇಂಗ್ಲೆಂಡಿನ ಐದನೇ ದರ್ಜೆಯ ಲೀಗಿನಲ್ಲಿತ್ತು. ಪ್ರಾಣಿ ದಯಾ ಸಂಘದ ತನಿಖೆ ಮುಗಿಯುವವರೆಗೂ ಯೋನ್ ಆಡುವುದಿಲ್ಲ ಎಂದು ಆ ಕ್ಲಬ್ ಎರಡೇ ದಿನದಲ್ಲಿ ಘೋಷಿಸಿತು. ಒದ್ದವನು ಅಣ್ಣ, ಅಮಾನತಾದವನು ವಿಡಿಯೊ ತೆಗೆದ ತಮ್ಮ! ಅದೇ ವಿಡಿಯೊ, ಅದೇ ವಾರ, ಅದೇ ಕಾನೂನು. ಬೇರೆಯಾಗಿದ್ದದ್ದು ಆಟಗಾರರ ಬೆಲೆ ಮಾತ್ರ. ಹಿಂದಿನ ಆಗಸ್ಟ್‌ನಲ್ಲಷ್ಟೇ ವೆಸ್ಟ್ ಹ್ಯಾಮ್ ಕರ್ಟ್‌ಗಾಗಿ ಚೆಲ್ಸಿಗೆ ಸುಮಾರು 3 ಕೋಟಿ ಪೌಂಡ್ ಕೊಟ್ಟಿತ್ತು. ಅಲ್ಲಿನ ಮೊದಲ ದರ್ಜೆಯಾದ ಪ್ರೀಮಿಯರ್ ಲೀಗಿನ ಮೊದಲ ನಾಲ್ಕರೊಳಗೆ ನಿಲ್ಲಲು ಹೋರಾಡುತ್ತಿತ್ತು. ಹೋದ ಸಂಚಿಕೆಯಲ್ಲಿ ನಾನು ಸಿಟ್ಟಾದದ್ದು ಇದಕ್ಕೇ ಹೊರತು ಬೆಕ್ಕಿನ ಮೇಲಿನ ಪ್ರೀತಿಗಲ್ಲ. (ಬೆಕ್ಕಿನ ಮೇಲೆ ಪ್ರೀತಿ ಇದೆ ಅನ್ನೋದು ಬೇರೆ ಮಾತು.)

ಬುಧವಾರ ವೆಸ್ಟ್ ಹ್ಯಾಮ್ ದಂಡ ಹಾಕಿತು. ಎರಡು ವಾರದ ಸಂಬಳ, ಸುಮಾರು 2.5 ಲಕ್ಷ ಪೌಂಡ್. ಹಾಕಬಹುದಾದ ಗರಿಷ್ಠ ದಂಡ ಅದೇ. ಹಣವನ್ನು ಪ್ರಾಣಿಗಳ ರಕ್ಷಣೆಯ ಸಂಸ್ಥೆಗಳಿಗೆ ಕೊಡುವುದಾಗಿ ಹೇಳಿತು. ಅದೇ ವಾರ ವೈಟಾಲಿಟಿ ಎಂಬ ವಿಮಾ ಕಂಪನಿ ಕ್ಲಬ್ಬಿನ ಪ್ರಾಯೋಜಕತ್ವವನ್ನು ತಡೆಹಿಡಿಯಿತು. ಅಡಿಡಾಸ್ ಝೂಮಾನ ಕೈಬಿಟ್ಟಿತು. ಸೋಮವಾರ ಗೊತ್ತಿದ್ದ ಸಂಗತಿಯೇ ಬುಧವಾರವೂ ಗೊತ್ತಿದ್ದದ್ದು. ಬೆಕ್ಕೇನೂ ಹೊಸದಾಗಿ ಸಾಕ್ಷಿ ಹೇಳಿರಲಿಲ್ಲ. ಜನರ ಸಿಟ್ಟು ಎಷ್ಟು ದುಬಾರಿ ಆಗಬಹುದು ಅನ್ನೋದು ಮಾತ್ರ ಆ ಎರಡು ದಿನಗಳಲ್ಲಿ ತಿಳಿಯಿತು ಎಂದು ನನಗನ್ನಿಸುತ್ತದೆ.

ಇನ್ನು ನಿಮ್ಮ ಮುಖ್ಯ ಪ್ರಶ್ನೆ. ತೀರ್ಪಿಗೆ ಮೊದಲೇ ಹೊರಗೆ ಕೂರಿಸಿದರೆ ಅನ್ಯಾಯವಲ್ಲವೇ?

ಗುಮಾಸ್ತನ ಉದಾಹರಣೆ ನೀವೇ ಕೊಟ್ಟಿದ್ದೀರಿ. ನಮ್ಮಲ್ಲಿ ಸರ್ಕಾರಿ ನೌಕರ 48 ಗಂಟೆಗಿಂತ ಜಾಸ್ತಿ ಕಸ್ಟಡಿಯಲ್ಲಿದ್ದರೆ ಅಮಾನತಾದಂತೆಯೇ ಲೆಕ್ಕ. ಅಮಾನತಿನಲ್ಲಿದ್ದಾಗ ಜೀವನಾಧಾರ ಭತ್ಯೆ ಬರುತ್ತದೆ. ವಿಚಾರಣೆಯಲ್ಲಿ ತಪ್ಪಿಲ್ಲ ಎಂದಾದರೆ ವಾಪಸು ಕುರ್ಚಿಗೆ ಬರುತ್ತಾನೆ. ಅಮಾನತು ಶಿಕ್ಷೆಯಲ್ಲ ಅನ್ನೋದು ಯಾವ ತಾಲ್ಲೂಕು ಕಚೇರಿಯಲ್ಲಿ ಕೇಳಿದರೂ ಹೇಳುತ್ತಾರೆ. ಕ್ಲಬ್ಬಿಗೂ ಇದೇ ದಾರಿ ಇದೆ. ಸಂಬಳ ಕೊಡುತ್ತಾ, ಅಭ್ಯಾಸಕ್ಕೆ ಬಿಡುತ್ತಾ ಅಥವಾ ಬಿಡದೆ, ಪಂದ್ಯಕ್ಕೆ ಮಾತ್ರ ಇಳಿಸದಿರಬಹುದು. ಆಟಗಾರ ಅಪರಾಧಿಯೋ ಅಲ್ಲವೋ ಎಂದು ತೀರ್ಮಾನಿಸುವುದು ಕೋರ್ಟು. ಈ ವಾರ ನಮ್ಮ ಜೆರ್ಸಿ ಹಾಕಿ ಯಾರು ಇಳಿಯಬೇಕು ಎಂದು ತೀರ್ಮಾನಿಸುವುದು ಕ್ಲಬ್ಬೇ. ಫಾರ್ಮ್ ಕಳೆದುಕೊಂಡವನನ್ನು ಬೆಂಚಿನಲ್ಲಿ ಕೂರಿಸುವಾಗ ಯಾರೂ ಜಡ್ಜ್ ಹತ್ತಿರ ಹೋಗುವುದಿಲ್ಲ. ಇಂಥ ವಿಷಯ ಬಂದಾಗ ಮಾತ್ರ ಕ್ಲಬ್ಬುಗಳು ಎರಡೂ ತೀರ್ಮಾನಗಳನ್ನು ಬೇಕೆಂದೇ ಬೆರೆಸಿಬಿಡುತ್ತವೆ. 'ಕೋರ್ಟು ಹೇಳಲಿ' ಎನ್ನುತ್ತಾ ಆಡಿಸುತ್ತಾ ಹೋಗುತ್ತವೆ.

ಹಾಗೆ ಆಡಿಸುತ್ತಾ ಹೋದರೆ ಎಲ್ಲಿಗೆ ಮುಟ್ಟುತ್ತದೆ ಅನ್ನೋದಕ್ಕೆ ಸಂಡರ್ಲೆಂಡ್ ಕ್ಲಬ್ ಸಾಕು. ಅದರ ಆಟಗಾರ ಆಡಮ್ ಜಾನ್ಸನ್‌ನನ್ನು 2015ರ ಮಾರ್ಚ್‌ನಲ್ಲಿ ಬಂಧಿಸಿದರು. 15 ವರ್ಷದ ಹುಡುಗಿಯ ಜೊತೆ ಲೈಂಗಿಕ ದುರ್ವರ್ತನೆಯ ಆರೋಪ. ಕ್ಲಬ್ ಮೊದಲು ಅಮಾನತು ಮಾಡಿತು, ಸರಿಯಾಗಿಯೇ. ಆದರೆ ಆ ತಿಂಗಳು ಕಳೆಯುವುದರೊಳಗೆ ಅಮಾನತು ತೆಗೆದು ಮತ್ತೆ ಆಡಿಸಿತು. ತಂಡ ಕೆಳದರ್ಜೆಗೆ ಜಾರುವ ಭಯದಲ್ಲಿತ್ತು, ಅವನು ಗೋಲು ಹೊಡೆಯುತ್ತಿದ್ದ. 2016ರ ಫೆಬ್ರವರಿ 6ರಂದು ಲಿವರ್‌ಪೂಲ್ ವಿರುದ್ಧವೂ ಹೊಡೆದ. ನಾಲ್ಕು ದಿನಗಳ ನಂತರ, ಫೆಬ್ರವರಿ 10ರಂದು, ಕೋರ್ಟಿನಲ್ಲಿ ಕೆಲವು ಆರೋಪಗಳನ್ನು ತಾನೇ ಒಪ್ಪಿಕೊಂಡ. ಮರುದಿನವೇ ಕ್ಲಬ್ ಕೆಲಸದಿಂದ ಕಿತ್ತುಹಾಕಿತು. ಕೊನೆಗೆ ಅವನಿಗೆ ಆರು ವರ್ಷ ಜೈಲಾಯಿತು.

ಅಷ್ಟಕ್ಕೇ ಮುಗಿಯಲಿಲ್ಲ. ಕ್ಲಬ್ಬಿನ ಮುಖ್ಯ ಕಾರ್ಯನಿರ್ವಾಹಕಿ ಮಾರ್ಗರೆಟ್ ಬರ್ನ್, ಆ ಹುಡುಗಿ ಮತ್ತು ಜಾನ್ಸನ್ ನಡುವಿನ ಸಂದೇಶಗಳ ದಾಖಲೆಯನ್ನು 2015ರ ಮೇ ತಿಂಗಳಲ್ಲೇ ನೋಡಿದ್ದರು ಎಂಬುದು ಹೊರಬಂತು. ಅವರು ರಾಜೀನಾಮೆ ಕೊಟ್ಟರು. ಆಡಲು ಬಿಟ್ಟದ್ದು ದೊಡ್ಡ ತಪ್ಪು ಎಂದು ಒಪ್ಪಿಕೊಂಡರು. ಪ್ರತಿ ಶನಿವಾರ ಅವನ ಹೆಸರು ಕೂಗಿ ಹುರಿದುಂಬಿಸಿದ ಸಾವಿರಾರು ಜನಕ್ಕೆ ಇದ್ಯಾವುದೂ ಗೊತ್ತಿರಲಿಲ್ಲ. ಆ ಹುಡುಗಿ ಅದೇ ಊರಿನ ಕಡೆಯವಳು, ಆ ಕೂಗು ಅವಳ ಕಿವಿಗೂ ಬಿದ್ದಿರುತ್ತದೆ. 'ಅನ್ಯಾಯ' ಎಂಬ ಪದ ಬಳಸುವಾಗ ಆಟಗಾರನಿಗಾಗುವುದನ್ನು ಮಾತ್ರ ಲೆಕ್ಕ ಹಾಕಬೇಡಿ ಅನ್ನೋದು ನನ್ನ ಮನವಿ.

ಹಾಗಂತ ಆರೋಪ ಬಂದ ತಕ್ಷಣ ಕಿತ್ತುಹಾಕಿ ಎಂದೂ ನಾನು ಹೇಳುತ್ತಿಲ್ಲ. ಕಿತ್ತುಹಾಕಿದ ಕ್ಲಬ್ ಒಂದಿದೆ. ಆಡ್ರಿಯನ್ ಮುತು ಎಂಬ ರುಮೇನಿಯಾದ ಆಟಗಾರ 2004ರಲ್ಲಿ ಕೊಕೇನ್ ಪರೀಕ್ಷೆಯಲ್ಲಿ ಸಿಕ್ಕಿಬಿದ್ದ. ಚೆಲ್ಸಿ ಅವನನ್ನು ತೆಗೆದುಹಾಕಿತು. ಕೊಂಡ ಹಣ ನೀರುಪಾಲು, ಅವನು ಬೇರೆ ಕ್ಲಬ್ಬಿಗೆ ಆರಾಮಾಗಿ ಹೋದ. ಚೆಲ್ಸಿ ಬಿಡಲಿಲ್ಲ, ಪರಿಹಾರಕ್ಕೆ ದೂರು ಕೊಟ್ಟಿತು. ಸುಮಾರು 1.7 ಕೋಟಿ ಯೂರೊ ಕೊಡು ಎಂದು 2008ರಲ್ಲಿ ಫಿಫಾ ಅವನಿಗೆ ಆದೇಶ ಮಾಡಿತು. ವರ್ಷಗಟ್ಟಲೆ ವ್ಯಾಜ್ಯ ನಡೆಯಿತು. ಇದನ್ನು ನೋಡಿದ ಯಾವ ಕ್ಲಬ್ಬೂ ಆಟಗಾರನನ್ನು ಸುಲಭಕ್ಕೆ ಕೆಲಸದಿಂದ ತೆಗೆಯುವುದಿಲ್ಲ. ಮಾರುತ್ತದೆ, ಎರವಲು ಕೊಡುತ್ತದೆ, ಇಲ್ಲವೇ ಗಲಾಟೆ ತಣ್ಣಗಾಗಲಿ ಎಂದು ಕಾಯುತ್ತದೆ. ಗುಮಾಸ್ತನಿಗೂ ಆಟಗಾರನಿಗೂ ಇರುವ ವ್ಯತ್ಯಾಸ ಇಲ್ಲೇ. ಗುಮಾಸ್ತನನ್ನು ಯಾರೂ ದುಡ್ಡು ಕೊಟ್ಟು ಕೊಂಡಿರುವುದಿಲ್ಲ.

ಸರಿ, ಹಾಗಾದರೆ ಚೆನ್ನಾಗಿ ನಿಭಾಯಿಸಿದವರು ಯಾರೂ ಇಲ್ಲವೇ? ನನ್ನ ಮಟ್ಟಿಗೆ 1995ರ ಮ್ಯಾಂಚೆಸ್ಟರ್ ಯುನೈಟೆಡ್ ಇದ್ದಾರೆ.

ಜನವರಿ 25ರ ರಾತ್ರಿ, ಲಂಡನ್ನಿನ ಸೆಲ್‌ಹರ್ಸ್ಟ್ ಪಾರ್ಕ್‌ನಲ್ಲಿ ಕ್ರಿಸ್ಟಲ್ ಪ್ಯಾಲೇಸ್ ವಿರುದ್ಧ ಪಂದ್ಯ. ಎರಿಕ್ ಕ್ಯಾಂಟೊನಾಗೆ ಕೆಂಪು ಕಾರ್ಡ್ ಬಿತ್ತು. ಹೊರಗೆ ನಡೆಯುತ್ತಿದ್ದಾಗ ಪ್ರೇಕ್ಷಕನೊಬ್ಬ ಬೈದ. ಕ್ಯಾಂಟೊನಾ ಬೇಲಿಯ ಮೇಲಿಂದ ಹಾರಿ ಅವನ ಎದೆಗೆ ಒದ್ದ. ಇಡೀ ದೇಶ ಟಿವಿಯಲ್ಲಿ ನೋಡಿತು. ಯುನೈಟೆಡ್ ಆಗ ಲೀಗ್ ಗೆಲ್ಲುವ ಪೈಪೋಟಿಯಲ್ಲಿತ್ತು, ತಂಡದ ಜೀವಾಳ ಅವನೇ. ಆದರೂ ಫುಟ್‌ಬಾಲ್ ಸಂಸ್ಥೆ ವಿಚಾರಣೆಗೆ ಕೂರುವ ಮೊದಲೇ, ಎರಡು ದಿನದಲ್ಲಿ, ಉಳಿದ ಇಡೀ ಋತುವಿಗೆ ಅವನನ್ನು ಕ್ಲಬ್ಬೇ ಹೊರಗಿಟ್ಟಿತು. 20,000 ಪೌಂಡ್ ದಂಡವನ್ನೂ ಹಾಕಿತು. ಫುಟ್‌ಬಾಲ್ ಸಂಸ್ಥೆ ಆಮೇಲೆ ಅದನ್ನು ಸೆಪ್ಟೆಂಬರ್ 30ರವರೆಗೆ ಎಳೆಯಿತು. ಕ್ರಾಯ್ಡನ್ ಕೋರ್ಟು ಎರಡು ವಾರ ಜೈಲು ಎಂದಿತು, ಮೇಲ್ಮನವಿಯಲ್ಲಿ ಅದು 120 ಗಂಟೆಗಳ ಸಮುದಾಯ ಸೇವೆಯಾಯಿತು. ಕ್ಯಾಂಟೊನಾ ಹುಡುಗರಿಗೆ ಫುಟ್‌ಬಾಲ್ ಹೇಳಿಕೊಟ್ಟು ಆ ಗಂಟೆಗಳನ್ನು ತೀರಿಸಿದ.

ಕ್ಲಬ್ಬಿಗೆ ಇದರಿಂದ ನಷ್ಟವಾಗಲಿಲ್ಲವೇ? ಆಯಿತು, ಚೆನ್ನಾಗೇ ಆಯಿತು. ಆ ವರ್ಷ ಲೀಗನ್ನು ಬ್ಲ್ಯಾಕ್‌ಬರ್ನ್ ತಂಡಕ್ಕೆ ಒಂದೇ ಒಂದು ಅಂಕದಿಂದ ಬಿಟ್ಟುಕೊಟ್ಟರು. ಇಂಗ್ಲೆಂಡಿನ ನಾಕೌಟ್ ಟೂರ್ನಿಯಾದ ಎಫ್‌ಎ ಕಪ್ ಫೈನಲ್ಲಿನಲ್ಲಿ ಎವರ್ಟನ್‌ಗೆ 1-0ಯಿಂದ ಸೋತರು. ಆದರೆ ಕೈಬಿಡಲಿಲ್ಲ. ಬೇಸತ್ತು ಇಂಗ್ಲೆಂಡ್ ಬಿಡಲು ಹೊರಟಿದ್ದ ಕ್ಯಾಂಟೊನಾನನ್ನು ಒಲಿಸಲು ಮ್ಯಾನೇಜರ್ ಅಲೆಕ್ಸ್ ಫರ್ಗ್ಯುಸನ್ ಪ್ಯಾರಿಸ್‌ಗೇ ಹೋದರು. ಅಕ್ಟೋಬರ್ 1ರಂದು ಲಿವರ್‌ಪೂಲ್ ವಿರುದ್ಧ ವಾಪಸು ಬಂದು ಪೆನಾಲ್ಟಿ ಹೊಡೆದ. ಮುಂದಿನ ಮೇನಲ್ಲಿ ಲೀಗ್, ಕಪ್ ಎರಡೂ ಯುನೈಟೆಡ್‌ಗೆ ಬಂದವು. ಆ ಕಪ್ ಬರದೇ ಹೋಗಿದ್ದರೂ ನಾನು ಇದನ್ನೇ ಬರೆಯುತ್ತಿದ್ದೆ. ಹೊರಗಿಡುವುದೂ ಜೊತೆಗೆ ನಿಲ್ಲುವುದೂ ಒಂದೇ ಕ್ಲಬ್ಬಿನಿಂದ ಸಾಧ್ಯವಾಯಿತಲ್ಲ, ನನಗೆ ಮುಖ್ಯ ಅದು.

ಜೊತೆಗೆ ನಿಲ್ಲುವುದನ್ನು ಲಿವರ್‌ಪೂಲ್ ತಪ್ಪಾಗಿ ತಿಳಿಯಿತು. 2011ರ ಅಕ್ಟೋಬರ್‌ನಲ್ಲಿ ಅದರ ಆಟಗಾರ ಲೂಯಿಸ್ ಸುವಾರೆಜ್, ಎದುರಾಳಿ ಪಾಟ್ರಿಸ್ ಎವ್ರಾನನ್ನು ಬಣ್ಣ ಎತ್ತಿ ನಿಂದಿಸಿದ ಎಂಬ ದೂರು. ಡಿಸೆಂಬರ್ 20ರಂದು ಎಂಟು ಪಂದ್ಯಗಳ ನಿಷೇಧ, 40,000 ಪೌಂಡ್ ದಂಡ ಬಿತ್ತು. ಮರುದಿನ ವಿಗನ್‌ನಲ್ಲಿ ಅಭ್ಯಾಸಕ್ಕೆ ಇಳಿದ ಲಿವರ್‌ಪೂಲ್ ಆಟಗಾರರೆಲ್ಲ ಸುವಾರೆಜ್ ಚಿತ್ರದ ಟಿ-ಶರ್ಟ್ ಹಾಕಿದ್ದರು. ಮ್ಯಾನೇಜರ್ ಕೆನ್ನಿ ಡಾಲ್ಗ್ಲಿಶ್ ಕೂಡ ಹಾಕಿದ್ದರು. ತೀರ್ಪು ಒಪ್ಪದಿದ್ದರೆ ಮೇಲ್ಮನವಿ ಸಲ್ಲಿಸಬಹುದಿತ್ತು. ಸಲ್ಲಿಸಲೇ ಇಲ್ಲ! ಫೆಬ್ರವರಿಯಲ್ಲಿ ಇಬ್ಬರೂ ಮತ್ತೆ ಎದುರಾದಾಗ ಸುವಾರೆಜ್ ಎವ್ರಾನ ಕೈ ಕುಲುಕಲಿಲ್ಲ. ಜೆರ್ಸಿಯ ಮೇಲಿದ್ದ ಸ್ಟ್ಯಾಂಡರ್ಡ್ ಚಾರ್ಟರ್ಡ್ ಬ್ಯಾಂಕು ಬೇಸರ ತೋಡಿಕೊಂಡಿತು. ಆಟಗಾರ, ಮ್ಯಾನೇಜರ್, ಆಡಳಿತದವರು ಎಲ್ಲರೂ ಸಾಲಾಗಿ ಕ್ಷಮೆ ಕೇಳಿದರು. ಆ ಟಿ-ಶರ್ಟ್ ಹಾಕಿದ್ದ ಜೇಮಿ ಕ್ಯಾರಗರ್ 2019ರಲ್ಲಿ ಟಿವಿಯಲ್ಲಿ, ಎವ್ರಾ ಎದುರೇ, ಅದು ದೊಡ್ಡ ತಪ್ಪು ಎಂದ. ಎಂಟು ವರ್ಷ ಬೇಕಾಯಿತು.

ತಮಾಷೆಯೆಂದರೆ, ಝೂಮಾ ಗಲಾಟೆಯ ವಾರದಲ್ಲಿ ಅವನ ಜೊತೆಗಾರ ಮಿಖಾಯಿಲ್ ಆಂಟೊನಿಯೊ ಸುದ್ದಿಗಾರರಿಗೆ ಕೇಳಿದ ಪ್ರಶ್ನೆಯೂ ಇದೇ ದಿಕ್ಕಿನದು. ಬೆಕ್ಕಿಗೆ ಒದ್ದದ್ದು ಜನಾಂಗೀಯ ನಿಂದನೆಗಿಂತ ಕೆಟ್ಟದ್ದೇ? ನಿಂದಿಸಿದವರು ಎಂಟು ಪಂದ್ಯ ಹೊರಗಿದ್ದು ವಾಪಸು ಬಂದರಲ್ಲ, ಇವನ ಕೆಲಸವನ್ನೇ ಕೀಳಬೇಕೆನ್ನುತ್ತೀರಲ್ಲ ಎಂದ. ನ್ಯಾಯವಾದ ಪ್ರಶ್ನೆ. ಕಪ್ಪು ಆಟಗಾರನ ತಪ್ಪಿಗೆ ಎದ್ದಷ್ಟು ಕೂಗು ಕಪ್ಪು ಆಟಗಾರನಿಗಾದ ಅವಮಾನಕ್ಕೆ ಏಳುವುದಿಲ್ಲ ಎಂಬ ನೋವು ಅದರಲ್ಲಿದೆ. ಆದರೆ ಅದಕ್ಕೆ ಪರಿಹಾರ ಎವ್ರಾನಂಥವರ ದೂರನ್ನು ಗಟ್ಟಿಯಾಗಿ ತೆಗೆದುಕೊಳ್ಳುವುದು. ಮಂಗಳವಾರ ಝೂಮಾನನ್ನು ಆಡಿಸಿದ್ದರಿಂದ ಎವ್ರಾಗೇನೂ ಸಿಗಲಿಲ್ಲ.

ಕೊನೆಗೆ ನಮ್ಮ ಬೆಂಗಳೂರು. 2021ರ ಮೇ ತಿಂಗಳು, ಕೋವಿಡ್ ಕಾಲ. ಬೆಂಗಳೂರು ಎಫ್‌ಸಿ ತಂಡ ಏಷ್ಯಾದ ಕ್ಲಬ್ಬುಗಳ ಎಎಫ್‌ಸಿ ಕಪ್ ಆಡಲು ಮಾಲ್ಡೀವ್ಸ್‌ಗೆ ಹೋಗಿತ್ತು. ತಂಡದ ಕೆಲವರು ನಿಯಮ ಮೀರಿ ರಾಜಧಾನಿ ಮಾಲೆಯ ಬೀದಿಯಲ್ಲಿ ಓಡಾಡಿದ್ದು ಸಿಕ್ಕಿಬಿತ್ತು. ಅಲ್ಲಿನ ಕ್ರೀಡಾ ಸಚಿವರು ತಂಡ ದೇಶ ಬಿಡಲಿ ಎಂದರು. ಮಾಲೀಕರಾದ ಪಾರ್ಥ್ ಜಿಂದಾಲ್ ಸಬೂಬು ಹೇಳದೆ ನೇರವಾಗಿ ಕ್ಷಮೆ ಕೇಳಿದರು, ತಪ್ಪು ತಮ್ಮ ಮೂವರು ವಿದೇಶಿಯರದು, ಕಠಿಣ ಕ್ರಮ ಆಗುತ್ತದೆ ಎಂದರು. ಕ್ಷಮೆ ಕೇಳಿದ ರೀತಿ ನನಗೆ ಹಿಡಿಸಿತು. 'ವಿದೇಶಿಯರು' ಎಂದು ಬೇರೆ ಮಾಡಿ ಹೇಳಿದ್ದು ಹಿಡಿಸಲಿಲ್ಲ. ಜೆರ್ಸಿ ಹಾಕಿಸಿದ ಮೇಲೆ ಎಲ್ಲರೂ ನಮ್ಮವರೇ ಅಲ್ವಾ? ನಿಮ್ಮ ಪ್ರಶ್ನೆಗೆ ಇದೇ ಉತ್ತರ. ಬೆಂಗಳೂರಾದರೂ ಹೀಗೇ ಬರೆಯುತ್ತೇನೆ. ಬೈಗುಳದ ಪತ್ರಗಳು ಮಾತ್ರ ಆಗ ಜಾಸ್ತಿ ಬರುತ್ತವೆ.

ಬೆಕ್ಕುಗಳು ಏನಾದವು ಎಂದು ಇನ್ನೂ ಕೆಲವರು ಕೇಳಿದ್ದಾರೆ. ಎರಡು ಬೆಕ್ಕುಗಳನ್ನೂ ಪ್ರಾಣಿ ದಯಾ ಸಂಘದವರು ಒಯ್ದರು. 2022ರ ಜೂನ್ 1ರಂದು ಲಂಡನ್ನಿನ ಕೋರ್ಟು ಕರ್ಟ್‌ಗೆ 180 ಗಂಟೆ, ಯೋನ್‌ಗೆ 140 ಗಂಟೆ ಸಮುದಾಯ ಸೇವೆ ವಿಧಿಸಿತು. ಐದು ವರ್ಷ ಬೆಕ್ಕು ಸಾಕುವಂತಿಲ್ಲ ಎಂದಿತು. 2023ರಲ್ಲಿ ನಾಯಕ ಡೆಕ್ಲನ್ ರೈಸ್ ಆರ್ಸೆನಲ್‌ಗೆ ಹೋದ ಮೇಲೆ ವೆಸ್ಟ್ ಹ್ಯಾಮ್ ಕರ್ಟ್ ಝೂಮಾನನ್ನೇ ನಾಯಕನನ್ನಾಗಿ ಮಾಡಿತು. ನೀವು ಅಚ್ಚರಿಪಡಬಹುದು, ಅದಕ್ಕೆ ನನ್ನ ತಕರಾರಿಲ್ಲ. ಅಷ್ಟು ಹೊತ್ತಿಗೆ ಕೋರ್ಟಿನ ತೀರ್ಪು ಬಂದು ವರ್ಷ ದಾಟಿತ್ತು.