ಪ್ಯಾಟರ್ನ್ ದಪ್ಪ ನೂಲಿನದು, ಕೈಯಲ್ಲಿರುವುದು ತೆಳ್ಳನೆಯದು

ಪ್ರಶ್ನೆ: ಇಂಗ್ಲೆಂಡಿನಲ್ಲಿರುವ ಮಗಳು ಎಂಟು ವರ್ಷದ ಮೊಮ್ಮಗನಿಗೆ ಅಂತ ಒಂದು ಸ್ವೆಟರ್ ಪ್ಯಾಟರ್ನ್ ಕಳಿಸಿದ್ದಾಳೆ. ಅದು ಡಿಕೆ, ಅಂದರೆ ಡಬಲ್ ನಿಟ್ಟಿಂಗ್ ಅನ್ನುವ ದಪ್ಪ ನೂಲಿಗೆ ಬರೆದದ್ದು. 4 ಎಂಎಂ ಕಡ್ಡಿಯಲ್ಲಿ 10 ಸೆಂಟಿಮೀಟರಿಗೆ 22 ಸ್ಟಿಚ್, 30 ಸಾಲು. ಬೆನ್ನಿಗೆ 84 ಸ್ಟಿಚ್ ಹಾಕಬೇಕು, ತೋಳು 42ರಿಂದ 66ಕ್ಕೆ ಹೋಗುತ್ತದೆ, 120 ಮೀಟರಿನ ಆರು ಉಂಡೆ ಬೇಕು ಅಂತಿದೆ. ನನ್ನ ಉಲ್ಲನ್ ತೆಳ್ಳಗಿದೆ, 50 ಗ್ರಾಮಿಗೆ 200 ಮೀಟರ್. 4ರ ಕಡ್ಡಿಯಲ್ಲಿ ಹಾಕಿದರೆ ಬಲೆ ಥರ ಕಾಣುತ್ತದೆ. 3 ಎಂಎಂನಲ್ಲಿ ಚೆನ್ನಾಗಿ ಬರುತ್ತದೆ, ಆದರೆ ಸ್ವೆಟರ್ ಚಿಕ್ಕದಾಗುತ್ತದೆ. ಏನು ಮಾಡಲಿ?
– ಓದುಗರೊಬ್ಬರು, ಮಡಿಕೇರಿ

ಉತ್ತರ: 3 ಎಂಎಂ ಕಡ್ಡಿಯನ್ನೇ ಇಟ್ಟುಕೊಳ್ಳಿ. ತೆಳ್ಳನೆಯ ನೂಲಿಗೆ ದಪ್ಪ ಕಡ್ಡಿ ಹಿಡಿದು ಹೇಗೋ 22 ಸ್ಟಿಚ್ ಬರಿಸಿದರೆ ಅಳತೆ ಸರಿಹೋಗಬಹುದು, ಆದರೆ ಹೆಣಿಗೆ ಸಡಿಲವಾಗಿ ನಾಲ್ಕು ಸಲ ಒಗೆಯುವಷ್ಟರಲ್ಲಿ ಜೋತು ಬೀಳುತ್ತದೆ, ನಿಮ್ಮೂರಿನ ಮಳೆಗಾಲದ ಗಾಳಿಯನ್ನೂ ತಡೆಯುವುದಿಲ್ಲ. ಪ್ಯಾಟರ್ನ್‌ನಿಂದ ಸೆಂಟಿಮೀಟರ್ ಮಾತ್ರ ತಗೊಳ್ಳಿ, ಸ್ಟಿಚ್ ಲೆಕ್ಕ ನೀವೇ ಮಾಡಿ. ಕಷ್ಟವೇನಿಲ್ಲ, ಭಾಗಾಕಾರ ಗುಣಾಕಾರ ಅಷ್ಟೇ.

ಮೊದಲು ಒಂದು ಮಾದರಿ ತುಂಡು ಹೆಣೆಯಿರಿ. ಸುಮ್ನೆ ಹತ್ತಿಪ್ಪತ್ತು ಸ್ಟಿಚ್ ಹಾಕಿ ಅಳೆದರೆ ಆಗೋದಿಲ್ಲ, ಕನಿಷ್ಠ 40 ಸ್ಟಿಚ್ ಬೇಕು, ಯಾಕೆಂದರೆ ಅಂಚಿನ ಸ್ಟಿಚ್‌ಗಳು ಎಳೆದುಕೊಂಡಿರುತ್ತವೆ, ಅಳತೆ ನಡುವಿನ 10 ಸೆಂಟಿಮೀಟರಿನಲ್ಲೇ ತಗೋಬೇಕು. ಅದನ್ನು ಒಗೆದು, ಹರಡಿ ಒಣಗಿಸಿ, ಆಮೇಲೆ ಅಳೆಯಿರಿ. ಅಕ್ರಿಲಿಕ್ ಆದರೆ ಇಸ್ತ್ರಿಪೆಟ್ಟಿಗೆ ಹತ್ತಿರ ತರಬೇಡಿ, ಬಿಸಿಗೆ ಅದರ ಹಿಗ್ಗುವ ಗುಣವೇ ಹೋಗಿಬಿಡುತ್ತದೆ.

ನಿಮ್ಮ ತುಂಡಿನಲ್ಲಿ 28 ಸ್ಟಿಚ್, 38 ಸಾಲು ಬಂತು ಅಂತ ಇಟ್ಟುಕೊಳ್ಳೋಣ. 10 ಸೆಂಟಿಮೀಟರಿಗೆ 22 ಅಂದರೆ ಒಂದು ಸೆಂಟಿಮೀಟರಿಗೆ 2.2 ಸ್ಟಿಚ್, ನಿಮ್ಮದು 2.8. ಪ್ಯಾಟರ್ನ್‌ನ 84 ಸ್ಟಿಚ್ಚನ್ನು 2.2ರಿಂದ ಭಾಗಿಸಿ, 38 ಸೆಂಟಿಮೀಟರ್ ಚಿಲ್ಲರೆ ಸಿಗುತ್ತದೆ. ಬೆನ್ನಿನ ಅಗಲ ಅದು. ಅದನ್ನು 2.8ರಿಂದ ಗುಣಿಸಿದರೆ ಸುಮಾರು 107. ಎರಡು ಸೀದಾ ಎರಡು ಉಲ್ಟಾ ರಿಬ್‌ಗೆ (ಕೆಳಗಿನ ಪಟ್ಟಿಗೆ) ನಾಲ್ಕರ ಗುಣಕದ ಮೇಲೆ ಎರಡು ಬೇಕಲ್ವಾ, ಹಾಗಾಗಿ 106 ಹಾಕಿ. ಮಾದರಿ ಅಳೆಯುವಾಗ ಒಂದೇ ಒಂದು ಸ್ಟಿಚ್ ತಪ್ಪಿ, ನಿಜಕ್ಕೂ 27 ಇದ್ದದ್ದನ್ನು 28 ಅಂದುಕೊಂಡರೆ ಬೆನ್ನು ಎದೆ ಎರಡೂ ಸೇರಿ ಸ್ವೆಟರ್ ಹತ್ತಿರ ಹತ್ತಿರ 3 ಸೆಂಟಿಮೀಟರ್ ದೊಡ್ಡದಾಗುತ್ತದೆ. ಅದಕ್ಕೇ ಮಾದರಿ ತುಂಡಿಗೆ ನಾನು ಇಷ್ಟು ಒತ್ತು ಕೊಡೋದು.

ಉದ್ದಕ್ಕೆ ಸಾಲು ಎಣಿಸಬೇಡಿ, ಟೇಪ್ ಹಿಡಿಯಿರಿ. ಕಂಕುಳಿನಿಂದ ಭುಜದವರೆಗೆ 54 ಸಾಲು ಅಂತಿದ್ದರೆ ಅದು 18 ಸೆಂಟಿಮೀಟರ್, ನಿಮಗೆ 68 ಸಾಲು ಬೇಕಾಗುತ್ತದೆ.

ಜಾಸ್ತಿ ಜನ ಎಡವುವುದು ತೋಳಿನಲ್ಲಿ. 42 ಸ್ಟಿಚ್ ಅಂದರೆ 19 ಸೆಂಟಿಮೀಟರ್, ನಿಮಗೆ 54. ಮೇಲಿನ 66 ಅಂದರೆ 30 ಸೆಂಟಿಮೀಟರ್, ನಿಮಗೆ 84. ನಡುವೆ 30 ಸ್ಟಿಚ್ ಏರಿಸಬೇಕು, ಸಾಲಿನ ಎರಡು ತುದಿಗೂ ಒಂದೊಂದರಂತೆ 15 ಸಲ. ತೋಳಿನ ಉದ್ದ 32 ಸೆಂಟಿಮೀಟರ್ ಆದರೆ ಏರಿಸುವ ಕೆಲಸ 28ರೊಳಗೆ ಮುಗಿಯಲಿ, ಮೇಲೆ ಸ್ವಲ್ಪ ನೇರವಾಗಿ ಇದ್ದರೆ ಚೆನ್ನ. 28 ಸೆಂಟಿಮೀಟರಿಗೆ 106 ಸಾಲು, ಅದನ್ನು 15ರಿಂದ ಭಾಗಿಸಿದರೆ ಏಳು ಸಾಲಿಗೊಮ್ಮೆ. ಆದರೆ ಪ್ರತಿ ಏಳನೇ ಸಾಲು ಅಂತ ಹೊರಟರೆ ಒಂದು ಸಲ ಹೆಣಿಗೆಯ ಸೀದಾ ಮಗ್ಗುಲಿನಲ್ಲಿ, ಇನ್ನೊಂದು ಸಲ ಉಲ್ಟಾ ಮಗ್ಗುಲಿನಲ್ಲಿ ಏರಿಸಬೇಕಾಗುತ್ತದೆ. ಅದರ ಬದಲು ಒಮ್ಮೆ ಆರು ಸಾಲಿಗೆ, ಒಮ್ಮೆ ಎಂಟು ಸಾಲಿಗೆ ಏರಿಸುತ್ತಾ ಹೋಗಿ.

ಉಂಡೆಯ ಲೆಕ್ಕವನ್ನು ಗ್ರಾಮಿನಲ್ಲಿ ಮಾಡಬೇಡಿ, ಮೀಟರಿನಲ್ಲಿ ಮಾಡಿ. ಪ್ಯಾಟರ್ನ್‌ಗೆ 720 ಮೀಟರ್ ಬೇಕು. 28ನ್ನು 22ರಿಂದ ಭಾಗಿಸಿದರೆ 1.27, ಅಂದರೆ ನಿಮಗೆ ಸುಮಾರು 915 ಮೀಟರ್. ಐದು ಉಂಡೆ ಸಾಕು, ಆದರೂ ಆರು ತಗೊಳ್ಳಿ, ಎಲ್ಲವೂ ಒಂದೇ ಲಾಟ್ ನಂಬರಿನವು, ಅಂದರೆ ಒಂದೇ ಸಲ ಬಣ್ಣ ಹಾಕಿದವು ಇರಲಿ. ಅಂಗಡಿಯವರು 3 ಪ್ಲೈ, 4 ಪ್ಲೈ ಅಂದ ಮಾತ್ರಕ್ಕೆ ದಪ್ಪ ತಿಳಿಯುವುದಿಲ್ಲ. ಎಷ್ಟು ಎಳೆ ಸೇರಿಸಿ ಹೊಸೆದಿದ್ದಾರೆ ಅನ್ನುವುದಷ್ಟೇ ಅದು, ಒಂದೊಂದು ಎಳೆಯೂ ತೆಳ್ಳಗೂ ಇರಬಹುದು, ದಪ್ಪಗೂ ಇರಬಹುದು.

ಎರಡೆರಡು ಎಳೆ ಸೇರಿಸಿ ಹೆಣೆಯಬಹುದು ಅಂತ ಕೆಲವರು ಹೇಳುತ್ತಾರೆ. ಹೌದು, ಆಗ ಡಿಕೆ ಹತ್ತಿರಕ್ಕೆ ಬರುತ್ತದೆ, ಲೆಕ್ಕವೂ ಬದಲಾಗದೇ ಇರಬಹುದು. ಆದರೆ 1440 ಮೀಟರ್, ಅಂದರೆ ಎಂಟು ಉಂಡೆ ಬೇಕು, ಸ್ವೆಟರ್ 360 ಗ್ರಾಮಿನಷ್ಟು ತೂಗುತ್ತದೆ. ಒಂದೇ ಎಳೆಯದು 230 ಗ್ರಾಮ್ ದಾಟುವುದಿಲ್ಲ. ಓಡಾಡುವ ಹುಡುಗನಿಗೆ ಹಗುರವಾದದ್ದೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ.

ಪ್ರಶ್ನೆ: ಅಮೆರಿಕದ ಪ್ಯಾಟರ್ನ್‌ನಲ್ಲಿ 8ನೇ ನಂಬರ್ ಕಡ್ಡಿ ಅಂತಿದೆ. ಅಮ್ಮನ 8ರ ಕಡ್ಡಿಯಲ್ಲಿ ಹಾಕಿದರೆ ತುಂಬಾ ಬಿಗಿಯಾಗುತ್ತಿದೆ, ಯಾಕೆ?
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಅಮ್ಮನದು ಹಳೆಯ ಬ್ರಿಟಿಷ್ ನಂಬರ್ ಇರಬೇಕು. ಅದರಲ್ಲಿ 8 ಅಂದರೆ 4 ಎಂಎಂ, ಅಮೆರಿಕದ 8 ಅಂದರೆ 5 ಎಂಎಂ. ಬ್ರಿಟಿಷ್ ಲೆಕ್ಕದಲ್ಲಿ ನಂಬರ್ ಏರಿದಷ್ಟೂ ಕಡ್ಡಿ ತೆಳ್ಳಗಾಗುತ್ತದೆ, ಅಮೆರಿಕದ್ದು ಅದಕ್ಕೆ ಉಲ್ಟಾ. ನಿಮಗೆ ಬೇಕಾದದ್ದು ಅಮ್ಮನ ಕಡ್ಡಿಗಳಲ್ಲಿ 6ನೇ ನಂಬರಿನದು. ನಂಬರ್ ಅಳಿಸಿಹೋಗಿದ್ದರೆ ಕಡ್ಡಿ ಅಳೆಯುವ ತೂತಿನ ಪಟ್ಟಿ ಅಂಗಡಿಯಲ್ಲಿ ಸಿಗುತ್ತದೆ, 5 ಎಂಎಂ ತೂತಿನಲ್ಲಿ ಅಲುಗಾಡದೆ ಹೋಗುವ ಜೋಡಿಯನ್ನು ಆರಿಸಿಕೊಳ್ಳಿ.