ಆಪ್ತಸಲಹೆ ಪ್ರಕರಣ: ದೇಣಿಗೆ ಕೇಳಲಾಗದ ಮುಖ್ಯೋಪಾಧ್ಯಾಯಿನಿ

ಚಿಕ್ಕಮಗಳೂರು ಜಿಲ್ಲೆಯ ಮಲೆನಾಡು ಭಾಗದ ಒಂದು ಖಾಸಗಿ ಪ್ರೌಢಶಾಲೆಯಲ್ಲಿ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಗಣಿತ ಕಲಿಸಿ, ಈಗ ಮುಖ್ಯೋಪಾಧ್ಯಾಯಿನಿಯಾಗಿರುವ ಮಹಿಳೆಯೊಬ್ಬರ ಪ್ರಕರಣವಿದು. ಅವರ ಒಪ್ಪಿಗೆ ಪಡೆದು, ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿ ಬರೆಯುತ್ತಿದ್ದೇನೆ. ಊರಿನವರು ಕರೆಯುವಂತೆ ಇಲ್ಲಿಯೂ ಅವರನ್ನು ಮೇಡಂ ಎಂದೇ ಕರೆಯುತ್ತೇನೆ. ವಯಸ್ಸು ನಲವತ್ತೇಳು, ಪತಿಗೆ ಸಣ್ಣದೊಂದು ಕಾಫಿ ತೋಟವಿದೆ, ಮಗ ಬೆಂಗಳೂರಿನಲ್ಲಿ ಓದುತ್ತಿದ್ದಾನೆ. ಕೆಲವು ತಿಂಗಳಿಂದ ನಿದ್ದೆ ಬರುತ್ತಿಲ್ಲ, ಬೆಳಿಗ್ಗೆ ಎದ್ದ ಕೂಡಲೇ ಹೊಟ್ಟೆ ತೊಳಸುತ್ತದೆ ಎಂದು ಅವರು ಆಸ್ಪತ್ರೆಗೆ ಹೋಗಿದ್ದರು. ಎಂಡೋಸ್ಕೋಪಿ, ಥೈರಾಯ್ಡ್ ಪರೀಕ್ಷೆ ಎಲ್ಲವೂ ಸರಿಯಾಗಿದ್ದುದರಿಂದ ವೈದ್ಯರು ನನ್ನ ಬಳಿಗೆ ಕಳುಹಿಸಿದರು.

ಶಾಲೆಯನ್ನು ನಡೆಸುವುದು ಸುತ್ತಲಿನ ತೋಟದ ಮನೆತನಗಳ ಹಿರಿಯರು ಕಟ್ಟಿದ ಒಂದು ಟ್ರಸ್ಟ್. ಎಸ್ಟೇಟುಗಳ ಲೈನ್ ಮನೆಗಳಲ್ಲಿರುವ ಕಾರ್ಮಿಕರ ಮಕ್ಕಳಿಗಾಗಿ ಒಂದು ವಿದ್ಯಾರ್ಥಿನಿಲಯ ಕಟ್ಟಬೇಕೆಂದು ಟ್ರಸ್ಟ್ ತೀರ್ಮಾನಿಸಿ, ಅದಕ್ಕೆ ಹಣ ಹೊಂದಿಸುವ ಕೆಲಸವನ್ನು ಮೇಡಂ ಅವರಿಗೆ ವಹಿಸಲು ಹೊರಟಿತ್ತು. ಹುದ್ದೆಯ ಹೆಸರು ಆಡಳಿತಾಧಿಕಾರಿ. ಈಗಿನ ಸಂಬಳದ ಅರ್ಧದಷ್ಟನ್ನು ಖಾಯಂ ಆಗಿ ಕೊಟ್ಟು, ಉಳಿದದ್ದಕ್ಕೆ ಬದಲಾಗಿ ಅವರು ತಂದ ದೇಣಿಗೆಯಲ್ಲಿ ನೂರಕ್ಕೆ ಐದರಷ್ಟು ಕೊಡುವುದೆಂದು ಕಾರ್ಯದರ್ಶಿಗಳು ಹೇಳಿದ್ದರು. "ನಿಮ್ಮ ಮಾತು ಈ ಹೋಬಳಿಯಲ್ಲಿ ಯಾರೂ ತೆಗೆದುಹಾಕೋದಿಲ್ಲ ಮೇಡಂ" ಎಂಬುದು ಅವರ ವಾದ. ಆ ಮಾತು ಸುಳ್ಳಲ್ಲ. ತೋಟದ ಮಾಲೀಕರಲ್ಲಿ ಅನೇಕರು ಅವರ ಹಳೆಯ ವಿದ್ಯಾರ್ಥಿಗಳು, ಇಲ್ಲವೇ ವಿದ್ಯಾರ್ಥಿಗಳ ತಂದೆತಾಯಿಗಳು.

ಮೊದಲ ಭೇಟಿಯಲ್ಲಿ ಮೇಡಂ ತಮ್ಮ ಕಷ್ಟಕ್ಕೆ ತಾವೇ ಕಾರಣ ಹೇಳಿದರು: "ನನಗೆ ಕೈಯೊಡ್ಡಿ ಅಭ್ಯಾಸ ಇಲ್ಲ ಸಾರ್. ನಾಚಿಕೆ ಆಗುತ್ತೆ." ಮನೆಯಲ್ಲೂ ಅದೇ ಮಾತು ನಡೆದಿತ್ತು. ನಮ್ಮ ಮನೆತನದಲ್ಲಿ ಯಾರೂ ಚಂದಾ ಎತ್ತಲು ಹೋದವರಲ್ಲ ಎಂದು ಪತಿ ಹೇಳಿದ್ದರಂತೆ. ಈ ವಿವರಣೆಯನ್ನು ನಾನು ತಕ್ಷಣ ಒಪ್ಪಲೂ ಇಲ್ಲ, ಅಲ್ಲಗಳೆಯಲೂ ಇಲ್ಲ. ಖಿನ್ನತೆಯ ಲಕ್ಷಣಗಳಿಲ್ಲವೆಂದು ಮಾತುಕತೆಯಿಂದ ಖಚಿತಪಡಿಸಿಕೊಂಡ ಮೇಲೆ, ಹೊಟ್ಟೆ ತೊಳಸುವುದು ಯಾವ ಗಳಿಗೆಯಲ್ಲಿ ಹೆಚ್ಚುತ್ತದೆ ಎಂದು ಗಮನಿಸಿ ಬರೆದು ತರಲು ಹೇಳಿದೆ.

ಎರಡನೆಯ ಭೇಟಿಗೆ ಅವರು ತಂದ ಹಾಳೆ, ಗಣಿತದ ಶಿಕ್ಷಕರು ಬರೆದದ್ದೆಂದು ನೋಡಿದರೆ ಗೊತ್ತಾಗುವಷ್ಟು ಅಚ್ಚುಕಟ್ಟಾಗಿತ್ತು. ಶಾಲೆ ಬಿಟ್ಟ ಮಕ್ಕಳನ್ನು ಮರಳಿ ಕರೆತರಲು ಲೈನ್ ಮನೆಗಳಿಗೆ ಹೋಗಿ ಬೇಡಿಕೊಂಡದ್ದು, ಎಸ್ಸೆಸ್ಸೆಲ್ಸಿ ಮಕ್ಕಳ ಸಂಜೆ ತರಗತಿಗೆ ಜೀಪು ಕೊಡಿ ಎಂದು ಒಬ್ಬ ಪ್ಲಾಂಟರ್ ಅವರನ್ನು ಕೇಳಿದ್ದು, ಹಳೆಯ ವಿದ್ಯಾರ್ಥಿಗಳಿಂದ ನೋಟ್ ಪುಸ್ತಕ ತರಿಸಿದ್ದು, ಇವು ಯಾವುವೂ ಅವರಿಗೆ ನಾಚಿಕೆ ತಂದಿರಲಿಲ್ಲ. ಹೊಟ್ಟೆ ತೊಳಸಿದ್ದು ಒಬ್ಬರಿಗೆ ಫೋನ್ ಮಾಡಬೇಕಾದಾಗ. ಹೆಸರು ಹುಡುಕಿ, ಒತ್ತಿ, ರಿಂಗ್ ಆಗುವ ಮೊದಲೇ ಕತ್ತರಿಸಿ, ಮೊಬೈಲನ್ನು ಹಾಜರಿ ಪುಸ್ತಕದ ಕೆಳಗಿಟ್ಟು ಕುಳಿತುಬಿಡುತ್ತಿದ್ದರು. ಯಾರು ಆ ಒಬ್ಬರು ಎಂದು ಕೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು.

ಹಿಂದಿನ ವರ್ಷ ಆ ತೋಟದ ಮಾಲೀಕರು, ತೀರಿಕೊಂಡ ತಮ್ಮ ತಾಯಿಯ ಹೆಸರಿನಲ್ಲಿ, ಶಾಲೆಯ ಗ್ರಂಥಾಲಯಕ್ಕೆಂದು ಒಂದು ಲಕ್ಷ ರೂಪಾಯಿ ಕೊಟ್ಟಿದ್ದರು. ರಸೀದಿ ಬರೆದವರು ಮೇಡಂ. ಹಣ ಮಾತ್ರ ಮಳೆಗೆ ಕುಸಿದ ಕಾಂಪೌಂಡ್ ಗೋಡೆಗೆ ಖರ್ಚಾಯಿತು. ಯಾರೂ ಜೇಬಿಗಿಳಿಸಲಿಲ್ಲ, ಗೋಡೆಯೂ ಅಗತ್ಯವೇ ಆಗಿತ್ತು. ಆದರೆ ಯಾರೂ ಆ ಮಾಲೀಕರಿಗೆ ತಿಳಿಸಲಿಲ್ಲ. ಕೆಲವು ತಿಂಗಳ ನಂತರ ಮದುವೆಯೊಂದರ ಊಟದ ಪಂಕ್ತಿಯಲ್ಲಿ ಅವರು ಪಕ್ಕದ ಎಲೆಯಿಂದ ತಿರುಗಿ, "ಪುಸ್ತಕ ಬಂದ್ವಾ ಮೇಡಂ? ಅಮ್ಮನ ಹೆಸರು ಒಳಗೆ ಬರೆಸಿದ್ದೀರಾ?" ಎಂದು ಕೇಳಿದರು. ಮೇಡಂ "ಬರ್ತಾ ಇದೆ" ಎಂದುಬಿಟ್ಟರು. ನಿದ್ದೆ ಕೆಟ್ಟದ್ದು ಅಂದಿನಿಂದ.

ಇಲ್ಲಿಂದ ಪ್ರಕರಣದ ದಿಕ್ಕು ಬದಲಾಯಿತು. ಅವರನ್ನು ಕಾಡುತ್ತಿದ್ದದ್ದು ಕೇಳುವ ನಾಚಿಕೆಯಲ್ಲ. ತಮ್ಮ ಮುಖ ನೋಡಿ ಬರುವ ಹಣದ ಮೇಲೆ ತಮಗೆ ಯಾವ ಮಾತೂ ಇಲ್ಲವೆಂಬ ಅರಿವು. ಇಂಥ ಸಂಸ್ಥೆಗಳಲ್ಲಿ ನಿಧಿ ಸಂಗ್ರಹದ ಹೊಣೆ ಹೊರುವವರಲ್ಲಿ, ಅದರಲ್ಲೂ ಶಿಕ್ಷಕ ವೃತ್ತಿಯಿಂದ ಆ ಕಡೆಗೆ ಬಂದ ಹೆಂಗಸರಲ್ಲಿ, ಈ ತೊಂದರೆಯನ್ನು ನಾನು ಮತ್ತೆಮತ್ತೆ ನೋಡಿದ್ದೇನೆ. ಅವರಿಗೆ ಧೈರ್ಯ ತುಂಬಿ ಮಾತುಗಾರಿಕೆಯ ತರಬೇತಿ ಕೊಟ್ಟು ಕಳುಹಿಸಿದರೆ ಕೆಲವು ಕಾಲ ಹಣ ಬರಬಹುದು, ಆದರೆ ಸಂಕಟ ಬಲಿಯುತ್ತದೆ. ಅದಕ್ಕೇ ಮೇಡಂ ಅವರಿಗೆ ನಾನು ಮಾತಿನ ತರಬೇತಿಯನ್ನು ಮೊದಲು ಕೊಡಲಿಲ್ಲ.

ಒಂದು ಭೇಟಿಗೆ ಪತಿಯನ್ನೂ ಕರೆಸಿದೆ. ಮನೆತನದ ಮಾತಿನಿಂದಲೇ ಆರಂಭಿಸಿದರೂ, ಅರ್ಧ ಗಂಟೆಯ ನಂತರ ಅವರು ಹೇಳಿದ್ದು ಬೇರೆ: "ನಾಳೆ ಲೆಕ್ಕ ಹೆಚ್ಚುಕಮ್ಮಿ ಆದರೆ ಟ್ರಸ್ಟಿನವರ ಹೆಸರು ಯಾರೂ ಎತ್ತಲ್ಲ ಸಾರ್, ಇವಳ ಹೆಸರೇ ಬರೋದು." ಇಬ್ಬರ ಭಯವೂ ಒಂದೇ ಎಂಬುದು ಇಬ್ಬರಿಗೂ ಆಗಲೇ ಗೊತ್ತಾದದ್ದು. ಆಮೇಲೆ ಮನೆಯಲ್ಲಿ ಜಗಳ ಕಡಿಮೆಯಾಯಿತು.

ಹುದ್ದೆ ಒಪ್ಪಬೇಕೋ ಬೇಡವೋ ಎಂಬ ಪ್ರಶ್ನೆಗೆ ಉತ್ತರ ಕೊಡುವುದು ಸಲಹೆಗಾರನ ಕೆಲಸವಲ್ಲ. ನಾನು ಹೇಳಿದ್ದು ಇಷ್ಟು: ಟ್ರಸ್ಟಿಗೆ ಹೌದು ಎಂದಾಗಲಿ ಇಲ್ಲ ಎಂದಾಗಲಿ ಈಗ ಹೇಳಬೇಡಿ, ಯಾವ ಷರತ್ತಿನ ಮೇಲೆ ಈ ಕೆಲಸ ಮಾಡಬಲ್ಲಿರಿ ಎಂಬುದನ್ನು ಬರೆದು ಕೊಡಿ. ಬಾಯಿಮಾತಿನಲ್ಲಿ ಬೇಡ. ಚಿಕ್ಕ ಊರಿನಲ್ಲಿ ಬಾಯಿಮಾತಿನ ಷರತ್ತು ಎರಡು ದಿನಗಳಲ್ಲಿ "ಮೇಡಂ ಜಂಬ ಮಾಡ್ತಾರೆ" ಎಂಬ ಸುದ್ದಿಯಾಗುತ್ತದೆ. ಕಾಗದದಲ್ಲಿದ್ದರೆ ಅದು ಸಭೆಯ ಮುಂದೆ ಬರುವ ವಿಷಯವಾಗುತ್ತದೆ.

ಷರತ್ತುಗಳಲ್ಲಿ ನಾನು ಹೆಚ್ಚು ಒತ್ತು ಕೊಟ್ಟದ್ದು ಲೆಕ್ಕಕ್ಕೆ. ದಾನಿ ಯಾವ ಉದ್ದೇಶಕ್ಕೆ ಕೊಟ್ಟರೋ ಆ ಹಣಕ್ಕೆ ಪ್ರತ್ಯೇಕ ಲೆಡ್ಜರ್ ಇರಬೇಕು; ಉದ್ದೇಶ ಬದಲಿಸುವ ಅನಿವಾರ್ಯತೆ ಬಂದರೆ ದಾನಿಯ ಲಿಖಿತ ಒಪ್ಪಿಗೆ ಪಡೆಯಬೇಕು; ಟ್ರಸ್ಟಿನ ಸಭೆಗಳಿಗೆ ಮೇಡಂ ಅವರನ್ನು ಕರೆಯಬೇಕು. ಇದು ಹೊಸ ಕಾಲದ ಅತಿ ಶಿಸ್ತು ಎಂದು ಟ್ರಸ್ಟಿಗಳು ಗೊಣಗಬಹುದೆಂದು ಅವರು ಅಂಜಿದರು. ಪಕ್ಕದ ಹಾಸನ ಜಿಲ್ಲೆಯ ಬೇಲೂರು, ಶ್ರವಣಬೆಳಗೊಳಗಳ ದಾನಶಾಸನಗಳನ್ನು ನೆನಪಿಸಿದೆ. ಯಾರು, ಯಾವ ಸೇವೆಗೆ, ಎಷ್ಟು ಭೂಮಿ ಬಿಟ್ಟರು ಎಂದು ಕಲ್ಲಿನಲ್ಲಿ ಕೊರೆಸಿ, ಕೊಟ್ಟದ್ದನ್ನು ಅಪಹರಿಸಿದವನು ಅರುವತ್ತು ಸಾವಿರ ವರ್ಷ ಹುಳುವಾಗಿ ಹುಟ್ಟಲಿ ಎಂದು ಶಾಪ ಹಾಕಿದ ನಾಡು ಇದು. ಒಂದು ಲೆಡ್ಜರ್ ಕೇಳುವುದು ಹೆಚ್ಚಿನದೇನಲ್ಲ. ಮೇಡಂ ಆ ದಿನ ಮೊದಲ ಸಲ ನಕ್ಕರು.

ಎರಡನೆಯದು ಪ್ರತಿಫಲ. ನೂರಕ್ಕೆ ಐದು ಎಂಬುದನ್ನು ಒಪ್ಪಲೇಬಾರದೆಂದು ಹೇಳಿದೆ. ಸಲಹೆಗಾರನ ತಟಸ್ಥತೆಯನ್ನು ನಾನು ಇಲ್ಲಿ ಬೇಕೆಂದೇ ಬಿಟ್ಟೆ. ನಿಧಿ ಸಂಗ್ರಹವನ್ನೇ ವೃತ್ತಿಯಾಗಿಸಿಕೊಂಡವರ ಅಂತರರಾಷ್ಟ್ರೀಯ ಸಂಘವಾದ ಅಸೋಸಿಯೇಷನ್ ಆಫ್ ಫಂಡ್‌ರೈಸಿಂಗ್ ಪ್ರೊಫೆಷನಲ್ಸ್ ಕೂಡ ತನ್ನ ನೀತಿಸಂಹಿತೆಯಲ್ಲಿ ಶೇಕಡಾವಾರು ಪ್ರತಿಫಲವನ್ನು ನಿಷೇಧಿಸಿದೆ. ತಾಯಿಯ ನೆನಪಿಗೆ ಲಕ್ಷ ಕೊಡುವವರಿಗೆ ಅದರಲ್ಲಿ ಐದು ಸಾವಿರ ಮೇಡಂ ಮನೆಗೆ ಹೋಗುತ್ತದೆಂದು ತಿಳಿದರೆ ಮುಂದೆ ಏನಾಗುತ್ತದೆಂದು ಊಹಿಸಿ ಎಂದಾಗ ಅವರು ತಾವಾಗಿಯೇ ಆ ಸಾಲನ್ನು ಹೊಡೆದುಹಾಕಿದರು. ಖಾಯಂ ಸಂಬಳ, ಎರಡು ವರ್ಷದ ಅವಧಿ, ಬೇಡವೆನಿಸಿದರೆ ತರಗತಿಗೆ ಮರಳುವ ಹಕ್ಕು, ಹತ್ತನೆಯ ತರಗತಿಯ ಗಣಿತವನ್ನು ಬಿಡದಿರುವುದು ಎಂದು ಬರೆದರು. ಕೊನೆಯದು ಅವರದೇ ಸೇರ್ಪಡೆ.

ಇನ್ನೊಂದು ವಿಷಯ ಅವರ ಹಾಳೆಯ ಅಂಚಿನಲ್ಲಿ ಸಣ್ಣಕ್ಷರದಲ್ಲಿತ್ತು. ಜೂನ್‌ನಲ್ಲಿ ಪ್ರವೇಶಕ್ಕೆ ಬರುವ ಪೋಷಕರಿಂದ ಕಟ್ಟಡ ನಿಧಿಗೆಂದು ಒಂದಿಷ್ಟು ಪಡೆಯಬೇಕೆಂದು ಕಾರ್ಯದರ್ಶಿಗಳು ಸೂಚಿಸಿದ್ದರು. ಇದು ದೇಣಿಗೆಯಲ್ಲ. ಕರ್ನಾಟಕದಲ್ಲಿ ಕ್ಯಾಪಿಟೇಷನ್ ಶುಲ್ಕವನ್ನು, ಅಂದರೆ ಪ್ರವೇಶ ಕೊಡಲು ನಿಗದಿತ ಶುಲ್ಕದ ಮೇಲೆ ವಸೂಲಿ ಮಾಡುವ ಹಣವನ್ನು, ನಿಷೇಧಿಸುವ ಕಾಯ್ದೆ 1984ರಿಂದಲೇ ಇದೆ; 2009ರ ಶಿಕ್ಷಣ ಹಕ್ಕು ಕಾಯ್ದೆಯ 13ನೇ ಕಲಂ ಪ್ರಕಾರ, ಹಾಗೆ ಪಡೆದ ಮೊತ್ತದ ಹತ್ತು ಪಟ್ಟಿನವರೆಗೆ ದಂಡ ವಿಧಿಸಬಹುದು. ರಸೀದಿಗೆ ಸಹಿ ಹಾಕುವವರು ತಾವೇ ಎಂಬುದನ್ನು ಮರೆಯಬೇಡಿ ಎಂದೆ.

ಕಾನೂನಿನ ಉಳಿದ ವಿಷಯಗಳಿಗೆ ಲೆಕ್ಕ ಪರಿಶೋಧಕರನ್ನು ಕಾಣಲು ತಿಳಿಸಿದೆ. ಆದರೂ ಒಂದು ತಪ್ಪು ತಿಳಿವಳಿಕೆಯನ್ನು ಅಲ್ಲಿಯೇ ಬಿಡಿಸಬೇಕಾಯಿತು. ತೆರಿಗೆ ವಿನಾಯಿತಿ ಇದೆ ಎಂದರೆ ಪ್ಲಾಂಟರುಗಳು ಕೊಡುತ್ತಾರೆಂಬುದು ಟ್ರಸ್ಟಿನ ನಂಬಿಕೆ. ಈ ಪ್ರಕರಣದ ಕಾಲಕ್ಕೆ ಜಾರಿಯಲ್ಲಿದ್ದ 1961ರ ಆದಾಯ ತೆರಿಗೆ ಕಾಯ್ದೆಯ 80ಜಿ ಕಲಂ ಅಡಿ, 2,000 ರೂಪಾಯಿಗಿಂತ ಹೆಚ್ಚು ನಗದಾಗಿ ಕೊಟ್ಟರೆ ವಿನಾಯಿತಿ ಇರಲಿಲ್ಲ. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ 80ಜಿಯೇ ಅನ್ವಯಿಸುತ್ತಿರಲಿಲ್ಲ. ಮೇಲಾಗಿ, ಬೆಳೆದ ಕಾಫಿಯನ್ನು ಕ್ಯೂರಿಂಗ್ (ಸಿಪ್ಪೆ ತೆಗೆದು ಬೀಜ ಹಸನು ಮಾಡುವುದು) ಮಾಡಿಸದೆ ಮಾರುವ ಬೆಳೆಗಾರರ ವರಮಾನ ಕೃಷಿ ವರಮಾನವೇ ಆಗಿ ಕೇಂದ್ರದ ತೆರಿಗೆಗೆ ಒಳಪಡುವುದಿಲ್ಲ. ತಾವೇ ಕ್ಯೂರಿಂಗ್ ಮಾಡಿಸಿ ಮಾರುವವರಿಗೂ ತೆರಿಗೆ ಬೀಳುವುದು ಆ ವರಮಾನದ ಶೇಕಡ 25ರ ಮೇಲೆ. ತೆರಿಗೆಯ ಆಸೆಯಿಂದ ಕೊಡುವವರು ಅಲ್ಲಿ ಕಡಿಮೆ. ಕೊಡುವವರು ಶಾಲೆಯ ಮೇಲಿನ ಅಭಿಮಾನಕ್ಕೆ, ಹಿರಿಯರ ಹೆಸರಿಗೆ, ಮೇಡಂ ಮೇಲಿನ ವಿಶ್ವಾಸಕ್ಕೆ ಕೊಡುತ್ತಾರೆ. ಆದರೆ ಆಗಿನ ನಿಯಮದಂತೆ ವಿನಾಯಿತಿ ಬೇಕಾದ ದಾನಿಗಳ ವಿವರವನ್ನು ಟ್ರಸ್ಟ್ ಪ್ರತಿವರ್ಷ ಮೇ 31ರೊಳಗೆ ಆದಾಯ ತೆರಿಗೆ ಇಲಾಖೆಗೆ 10ಬಿಡಿ ನಮೂನೆಯಲ್ಲಿ ಸಲ್ಲಿಸದಿದ್ದರೆ ಅವರಿಗೆ ಪ್ರಮಾಣಪತ್ರವೇ ಸಿಗುತ್ತಿರಲಿಲ್ಲವಾದ್ದರಿಂದ, ಆ ಕೆಲಸ ಯಾರದ್ದೆಂದು ಷರತ್ತಿನಲ್ಲಿ ಸೇರಿಸಲು ಹೇಳಿದೆ.

ಯಾವಾಗ ಕೇಳಬೇಕು ಎಂಬುದನ್ನು ಕಲಿಸಿದವರು ಪತಿ. ಟ್ರಸ್ಟ್ ಜುಲೈನಲ್ಲಿ ಅಭಿಯಾನ ಆರಂಭಿಸಲು ಯೋಚಿಸಿತ್ತು. ಮಳೆಗಾಲದಲ್ಲಿ ತೋಟದವರ ಕೈ ಬರಿದು, ರೋಗ ತಡೆಯುವ ಬೋರ್ಡೋ ದ್ರಾವಣದ ಸಿಂಪಡಣೆ, ಗೊಬ್ಬರ, ಆಳುಗಳ ಬಟವಾಡೆ ಎಂದು ಹಣ ಹೊರಗೇ ಹೋಗುತ್ತಿರುತ್ತದೆ. ಅರೇಬಿಕಾ ಕೊಯ್ಲು ಮುಗಿದು, ರೋಬಸ್ಟಾವೂ ಕಣದಿಂದ ಎದ್ದು, ಮೆಣಸು ಮಾರಿದ ಮೇಲೆ ಮಾರ್ಚ್, ಏಪ್ರಿಲ್‌ನಲ್ಲಿ ಹೋಗಿ ಎಂದು ಅವರು ಒಂದೇ ಉಸಿರಿನಲ್ಲಿ ಹೇಳಿದರು. ಚಂದಾ ಎತ್ತುವುದನ್ನು ಹೀನಾಯವೆಂದಿದ್ದ ಮನುಷ್ಯ ಇವರೇ.

ಅಭ್ಯಾಸದ ಭಾಗ ಕೊನೆಗೆ ಬಂತು. ಏನನ್ನೂ ಕೇಳದ ಕರೆಗಳಿಂದ ಆರಂಭಿಸಲು ಸೂಚಿಸಿದೆ: ಹಿಂದೆ ಕೊಟ್ಟವರಿಗೆ ಫೋನ್ ಮಾಡಿ ಅವರ ಹಣದಿಂದ ಏನಾಯಿತೆಂದು ತಿಳಿಸುವುದು. ಆ ಪಟ್ಟಿಯ ಮೊದಲ ಹೆಸರು ಗ್ರಂಥಾಲಯದ ದಾನಿಯದ್ದೇ ಆಗಬೇಕೆಂದು ಅವರೇ ನಿರ್ಧರಿಸಿದರು. ಫೋನ್ ಮಾಡಲಿಲ್ಲ, ಅಧ್ಯಕ್ಷರನ್ನು ಕರೆದುಕೊಂಡು ತೋಟಕ್ಕೇ ಹೋಗಿ ನಡೆದದ್ದನ್ನು ಹೇಳಿದರು. ಮಾಲೀಕರು ಬೇಸರ ಮಾಡಿಕೊಂಡರು, ಕಾಫಿ ಕೊಟ್ಟರು, ಗೋಡೆ ಬಿದ್ದದ್ದು ನನಗೂ ಗೊತ್ತಿತ್ತು, ಒಂದು ಮಾತು ಹೇಳಬಹುದಿತ್ತಲ್ಲ ಎಂದರು. ನಿದ್ದೆ ಆ ವಾರದಿಂದ ಸುಧಾರಿಸಿತು.

ಟ್ರಸ್ಟ್ ಎಲ್ಲ ಷರತ್ತನ್ನೂ ಒಪ್ಪಲಿಲ್ಲ. ಖಾಯಂ ಸಂಬಳ, ಅವಧಿ, ಪ್ರತ್ಯೇಕ ಲೆಡ್ಜರ್, ಹತ್ತನೆಯ ತರಗತಿ, ಇಷ್ಟಕ್ಕೆ ಒಪ್ಪಿಗೆ ಸಿಕ್ಕಿತು. ಗ್ರಂಥಾಲಯದ ಹಣವನ್ನು ಎರಡು ಕಂತಿನಲ್ಲಿ ಭರಿಸುವುದಾಗಿ ನಿರ್ಣಯ ಮಾಡಿ, ಮೊದಲ ಕಂತಿನ ಪುಸ್ತಕಗಳು ಬಂದಿವೆ. ಸಭೆಗೆ ಕರೆಯುವುದನ್ನು "ಅಗತ್ಯವಿದ್ದಾಗ" ಎಂದು ತಿದ್ದಿದರು. ಆ ತಿದ್ದುಪಡಿ ನನಗೆ ಸರಿ ಕಾಣಲಿಲ್ಲ, ಮೇಡಂ ಅವರಿಗೂ ಹಾಗೆಯೇ ಹೇಳಿದೆ. ಅವರು ಅಷ್ಟಕ್ಕೇ ಒಪ್ಪಿ ಹುದ್ದೆ ವಹಿಸಿಕೊಂಡಿದ್ದಾರೆ. ದೊಡ್ಡ ದಾನಿಗಳ ಮನೆಗೆ ಹೋಗುವ ದಿನ ಹೊಟ್ಟೆ ಈಗಲೂ ತೊಳಸುತ್ತದೆ. ಆ ದಿನಗಳಲ್ಲಿ ಒಬ್ಬ ಟ್ರಸ್ಟಿಯನ್ನು ಜೊತೆಗೆ ಕರೆದೊಯ್ಯುತ್ತಾರೆ.

ಈಚಿನ ಭೇಟಿಯಲ್ಲಿ ಅವರು ತಂದದ್ದು ಹೊಸ ಪ್ರಶ್ನೆ: ವಿದೇಶದಲ್ಲಿರುವ ಹಳೆಯ ವಿದ್ಯಾರ್ಥಿಗಳು ಹಣ ಕಳುಹಿಸುತ್ತೇವೆ ಎನ್ನುತ್ತಿದ್ದಾರೆ, ತೆಗೆದುಕೊಳ್ಳಬಹುದೆ? ಭಾರತದ ಪೌರತ್ವ ಉಳಿಸಿಕೊಂಡವರು ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕಿನ ಮೂಲಕ ಕೊಟ್ಟರೆ ಅದು ವಿದೇಶಿ ದೇಣಿಗೆಯಾಗುವುದಿಲ್ಲ, ಬೇರೆ ದೇಶದ ಪೌರತ್ವ ಪಡೆದವರದ್ದಾದರೆ 2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ ನೋಂದಣಿ ಇಲ್ಲವೇ ಪೂರ್ವಾನುಮತಿ ಇಲ್ಲದೆ ಒಂದು ರೂಪಾಯಿಯನ್ನೂ ಮುಟ್ಟುವಂತಿಲ್ಲ ಎಂದು ಹೇಳಿ, ಯಾರ ಪಾಸ್‌ಪೋರ್ಟ್ ಯಾವ ದೇಶದ್ದೆಂದು ಮೊದಲು ಪಟ್ಟಿ ಮಾಡಲು ತಿಳಿಸಿದೆ. ಮುಂದಿನ ಭೇಟಿಯನ್ನು ಜೂನ್‌ಗೆ ಇಟ್ಟುಕೊಂಡಿದ್ದೇವೆ. ಪ್ರವೇಶದ ದಿನಗಳಲ್ಲಿ ಕಾರ್ಯದರ್ಶಿಗಳು ಕಟ್ಟಡ ನಿಧಿಯ ಮಾತನ್ನು ಮತ್ತೆ ಎತ್ತುತ್ತಾರೆಂಬುದು ಮೇಡಂ ಅವರ ಅಂದಾಜು, ನನ್ನದೂ ಅದೇ.